ಅತ್ತೆಯನ್ನು ಹೂಜಿಯಿಂದ ಬಿಡಿಸಿದ ಜೈತೂನ್

ಬಹಳ ಹಿಂದೆ, ಕತ್ತೆಗಳು ಮಾತಾಡುತ್ತಿದ್ದ, ಮನುಷ್ಯರು ಅದನ್ನು ಕೇಳಿಸಿಕೊಳ್ಳುತ್ತಲೂ ಇದ್ದ ಕಾಲದಲ್ಲಿ, ಏಳು ಗುಡ್ಡಗಳ ಆಚೆ ಅಂಜೂರಾಬಾದ್ ಎಂಬ ರಾಜ್ಯವಿತ್ತು. ಅಲ್ಲಿ ಅಂಜೂರದ ಮರಗಳು ವರ್ಷಕ್ಕೆ ಮೂರು ಸಲ ಹಣ್ಣು ಬಿಡುತ್ತಿದ್ದವು. ಬಾವಿಯ ನೀರು ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಜನಕ್ಕೆ ಯಾವ ಕೊರತೆಯೂ ಇರಲಿಲ್ಲ. ಅಲ್ಲಾಹನಿಗೆ ಶುಕುರ್ ಹೇಳಲು, ಕೃತಜ್ಞತೆ ಸಲ್ಲಿಸಲು, ಪುರುಸೊತ್ತೂ ಇರಲಿಲ್ಲ.

ಸುಲ್ತಾನ ಜಾಣ. ಜಾಣರೇ ಮಾಡುವಂಥ ತಪ್ಪೊಂದನ್ನು ಮಾಡಿದ. ಶುಕುರ್ ಹೇಳುವ ಕೆಲಸಕ್ಕೆ ದಾರೋಗ ಎಂಬ ಒಬ್ಬ ಅಧಿಕಾರಿಯನ್ನು ನೇಮಿಸಿಬಿಟ್ಟ. ದಾರೋಗ ದಿನಕ್ಕೊಮ್ಮೆ ಅರಮನೆಯ ಮಹಡಿ ಹತ್ತಿ, ನಗಾರಿ ಬಾರಿಸಿ, "ಸಕಲ ಪ್ರಜೆಗಳ ಪರವಾಗಿ, ಸಕಲ ಅನುಗ್ರಹಗಳಿಗಾಗಿ, ಅಲ್‌ಹಮ್ದುಲಿಲ್ಲಾಹ್!" ಎಂದು ಕೂಗುತ್ತಿದ್ದ. ಜನ ಕೆಳಗಿನಿಂದಲೇ ತಲೆಯಾಡಿಸಿ, "ಆಯ್ತಪ್ಪ, ಇವತ್ತಿಂದು ಮುಗೀತು" ಎಂದು ತಮ್ಮ ಪಾಡಿಗೆ ತಾವು ಹೋಗುತ್ತಿದ್ದರು.

ಕರಿಗುಡ್ಡದ ಕೋಟೆಯಿಂದ ಜರಗೂನ ಎಂಬ ಮಾಂತ್ರಿಕ ಇದನ್ನು ನೋಡುತ್ತಿದ್ದ. ಅವನಿಗೆ ಗೊತ್ತಿದ್ದುದು ಒಂದೇ ಮಂತ್ರ. ಯಾವುದಕ್ಕೆ ಯಾರೂ ಮನಸಾರೆ ಶುಕುರ್ ಹೇಳಿಲ್ಲವೋ, ಅದನ್ನು ಅವನು ಎಳೆದು ಹೂಜಿಯಲ್ಲಿ ತುಂಬಿಕೊಳ್ಳಬಹುದಿತ್ತು. ಮೊದಲು ಅಡುಗೆಯವರ ನಾಲಿಗೆಯ ರುಚಿ ಹೋಯಿತು. ಆಮೇಲೆ ಮಕ್ಕಳ ನಗು ಹೋಯಿತು. ಆಮೇಲೆ ಸುಲ್ತಾನನ ನಿದ್ದೆ ಹೋಯಿತು. ಗಾಬರಿಯಾದ ದಾರೋಗ ನಗಾರಿಯನ್ನು ಇನ್ನೂ ಜೋರಾಗಿ ಬಾರಿಸಿದ. ಅದರಿಂದ ಉಳಿದವರ ನಿದ್ದೆಯೂ ಹೋಯಿತು.

ಒಂದು ಮನೆಯಲ್ಲಿ ಮಾತ್ರ ಏನೂ ಕಳೆದಿರಲಿಲ್ಲ. ಅದು ರೊಟ್ಟಿ ಸುಡುವ ಜೈತೂನಳ ಮನೆ. ಗಂಡ ತೀರಿಹೋಗಿ ಆರು ವರ್ಷ. ಮನೆಯಲ್ಲಿ ಉಳಿದವರು ಅವಳು ಮತ್ತು ಅವಳ ಅತ್ತೆ ಖಮರ್‌ಬಿ. ಈ ಖಮರ್‌ಬಿ ಮುಟ್ಟಿದ್ದಕ್ಕೆಲ್ಲ ಶುಕುರ್ ಹೇಳುವವಳು. "ಅಲ್‌ಹಮ್ದುಲಿಲ್ಲಾಹ್, ಉಪ್ಪು ಸರಿಯಾಗಿದೆ. ಅಲ್‌ಹಮ್ದುಲಿಲ್ಲಾಹ್, ಇವತ್ತು ಒಂದೇ ಮಂಡಿ ನೋಯ್ತಿದೆ." ಆ ಶುಕುರ್‌ಗಳ ನಡುವೆ ಸೊಸೆಗೂ ಒಂದಿಷ್ಟು ಬೀಳುತ್ತಿತ್ತು. "ಇದು ರೊಟ್ಟಿಯೋ, ಚಪ್ಪಲಿಯ ಅಟ್ಟೆಯೋ?"

"ಅತ್ತೆಮ್ಮ, ನಿಮ್ಮ ಹಲ್ಲಿಗಾದ್ರೂ ಒಂದು ಶುಕುರ್ ಹೇಳಿ, ಅದು ಅಗಿಯುತ್ತಲ್ಲ," ಎಂದು ಜೈತೂನ್ ಹಿಟ್ಟು ಬಡಿಯುತ್ತಿದ್ದಳು.

ಒಂದು ಬೆಳಗಿನ ಜಾವ ಜೈತೂನ್ ಎದ್ದಾಗ ಭಟ್ಟಿ ತಣ್ಣಗಿತ್ತು.

ಇಷ್ಟು ವರ್ಷ ಅವಳು ಏಳುವ ಹೊತ್ತಿಗೆ ಭಟ್ಟಿಯಲ್ಲಿ ಕೆಂಡ ನಿಗಿನಿಗಿ ಅನ್ನುತ್ತಿರುತ್ತಿತ್ತು. "ನಮ್ಮ ಭಟ್ಟಿ ಒಳ್ಳೇ ಜಾತಿದು, ಅದರ ಬೆಂಕಿ ಆರೋದೇ ಇಲ್ಲ" ಎಂದು ಬೀದಿಗೆಲ್ಲ ಹೇಳಿಕೊಂಡಿದ್ದಳು. ಈಗ ಬೂದಿಯ ಪಕ್ಕದಲ್ಲಿ ಊದುಗೊಳವೆ ಕಂಡಿತು. ಅತ್ತೆಯ ಪುಟ್ಟ ಮಣೆ ಕಂಡಿತು. ಮಣೆಯ ಮೇಲೆ ಅತ್ತೆ ಇರಲಿಲ್ಲ. ಹಾಸಿಗೆಯಲ್ಲೂ ಇರಲಿಲ್ಲ. ಎಲ್ಲದಕ್ಕೂ ಶುಕುರ್ ಹೇಳುತ್ತಿದ್ದ ಅತ್ತೆಗಾಗಿ ಯಾರೂ ಶುಕುರ್ ಹೇಳಿರಲಿಲ್ಲ.

ಕಳೆದದ್ದೆಲ್ಲ ಜರಗೂನನ ಹೂಜಿ ಸೇರುತ್ತದೆಂದು ಊರಿಗೆಲ್ಲ ಗೊತ್ತಿತ್ತು. ಜೈತೂನ್ ಆ ಮಣೆಯನ್ನು ಎತ್ತಿ ಗೋಡೆಗೆ ಒರಗಿಸಿದಳು. ಆಮೇಲೆ ಸೆರಗು ಬಿಗಿದು, ಊದುಗೊಳವೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕರಿಗುಡ್ಡದ ದಾರಿ ಹಿಡಿದಳು.

ಕೋಟೆಯ ಮೊದಲ ಬಾಗಿಲಲ್ಲಿ ಬಾಯಿಂದ ಬೆಂಕಿ ಉಗುಳುವ ಕತ್ತೆ ನಿಂತಿತ್ತು. "ಶುಕುರ್ ಹೇಳಿದರೆ ದಾರಿ, ಇಲ್ಲದಿದ್ದರೆ ಬೂದಿ!" ಎಂದು ಅರಚಿತು.

ಜೈತೂನ್ ಗಂಟಲು ಸರಿಮಾಡಿಕೊಂಡು, ದಾರೋಗನ ಹಾಗೆಯೇ ಎರಡೂ ಕೈ ಎತ್ತಿದಳು. "ಸಕಲ ಅನುಗ್ರಹಗಳಿಗಾಗಿ..."

ಭುಸ್ಸೆಂದು ಬಂದ ಬೆಂಕಿಗೆ ಅವಳ ಜಡೆಯ ತುದಿ ಸುಟ್ಟುಹೋಯಿತು.

"ಸಕಲ ಅಂದ್ರೆ ಯಾರಮ್ಮ?" ಎಂದಿತು ಕತ್ತೆ. "ನಾನು ಹನ್ನೆರಡು ವರ್ಷ ನಿಮ್ಮ ಬೀದಿಗೆ ನೀರು ಹೊತ್ತವನು. ಜನ ನೀರನ್ನು ಹೊಗಳಿದರು. ಹೊತ್ತವನಿಗೆ ಕೋಲಿನ ಏಟು. ಅದಕ್ಕೇ ಜರಗೂನನ ಪಾಲಾದೆ."

ಆಗ ಜೈತೂನ್ ಅದರ ಬೆನ್ನು ನೋಡಿದಳು. ನೀರಿನ ಚೀಲ ಉಜ್ಜಿ ಉಜ್ಜಿ ಕೂದಲೆಲ್ಲ ಉದುರಿತ್ತು. "ನನ್ನ ಹಿಟ್ಟಿಗೆ ಬಿದ್ದ ಪ್ರತಿ ಬಿಂದುವನ್ನೂ ತಂದವನು ನೀನು," ಎಂದು ಆ ಬೋಳು ಬೆನ್ನ ಮೇಲೆ ಕೈ ಇಟ್ಟಳು. "ನಿನಗೆ ಶುಕುರ್. ನಿನ್ನನ್ನು ಕೊಟ್ಟ ಅಲ್ಲಾಹನಿಗೆ ಶುಕುರ್." ಕತ್ತೆಯ ಬೆಂಕಿ ಆರಿತು. ಅದು ಬಾಗಿಲು ಬಿಟ್ಟಿತು.

ಎರಡನೇ ಬಾಗಿಲಲ್ಲಿ ಆನೆಯಷ್ಟು ದೊಡ್ಡ ಹುಂಜ, ಕಬ್ಬಿಣದ ಕೊಕ್ಕು. "ಶುಕುರ್ ಹೇಳಿದರೆ ದಾರಿ, ಇಲ್ಲದಿದ್ದರೆ ಕೊಕ್ಕು!" ಎಂದು ಕೂಗಿತು.

ಆ ದನಿ ಕೇಳಿದೊಡನೆ ಜೈತೂನ್ ಗುರುತು ಹಿಡಿದಳು. ದಿನಾ ಫಜರ್ ನಮಾಜಿಗೆ ಬೀದಿಯನ್ನೆಲ್ಲ ಎಬ್ಬಿಸುತ್ತಿದ್ದ ಹುಂಜ ಅದು. "ತಮ್ಮಾ, ನಿನ್ನ ಮೇಲೆ ಚಪ್ಪಲಿ ಎಸೆದವಳು ನಾನೇ," ಎಂದಳು.

"ಎಡಗಾಲಿಂದು," ಎಂದಿತು ಹುಂಜ. "ನೆನಪಿದೆ."

"ನೀನು ಎಬ್ಬಿಸದಿದ್ದರೆ ಎಷ್ಟು ನಮಾಜು ತಪ್ಪಿಹೋಗ್ತಿತ್ತೋ. ನಿನಗೆ ಶುಕುರ್. ನಿನ್ನನ್ನು ಕೊಟ್ಟ ಅಲ್ಲಾಹನಿಗೆ ಶುಕುರ್." ಹುಂಜ ಕುಗ್ಗಿ ಕುಗ್ಗಿ ಹುಂಜದಷ್ಟೇ ಆಯಿತು. ರೆಕ್ಕೆ ಬಡಿದು ಅವಳ ಹೆಗಲೇರಿ ಕುಳಿತಿತು.

ಮೂರನೇ ಬಾಗಿಲ ಒಳಗೆ ಜರಗೂನನೇ ಕೂತಿದ್ದ. ಗೋಡೆಯುದ್ದಕ್ಕೂ ಮಣ್ಣಿನ ಹೂಜಿಗಳು. ಅವುಗಳಲ್ಲೊಂದು ಒಳಗಿಂದ ಗೊಣಗುತ್ತಿತ್ತು.

"ಶುಕುರ್ ಹೇಳು, ನಿನ್ನ ಅತ್ತೆಯನ್ನು ಕರಕೊಂಡು ಹೋಗು," ಎಂದ ಜರಗೂನ. "ಆದರೆ ಒಂದೇ ಒಂದು ಸುಳ್ಳು ಹೊಗಳಿಕೆ ಬಾಯಿಂದ ಬಂದರೆ, ಪಕ್ಕದ ಹೂಜಿ ನಿನಗೆ." ಹೇಳಿ ನಕ್ಕ. ಅತ್ತೆಯ ಬಗ್ಗೆ ಸುಳ್ಳಿಲ್ಲದೆ ಒಳ್ಳೆಯ ಮಾತಾಡಿದ ಸೊಸೆಯನ್ನು ಅವನು ಕಂಡೇ ಇರಲಿಲ್ಲ.

ಜೈತೂನ್ ಹೂಜಿಯ ಮುಂದೆ ಕೂತಳು. "ಅತ್ತೆಮ್ಮ, ನಿಮ್ಮ ನಾಲಿಗೆ ಕತ್ತಿ. ಅದನ್ನ ಮೆತ್ತಗಿದೆ ಅಂತ ನಾನು ಹೇಳಲ್ಲ," ಎಂದಳು.

ಹೂಜಿ "ಹುಂ" ಎಂದಿತು.

"ಆದರೆ ನಿಮ್ಮ ಮಗ ತೀರಿಹೋದ ದಿನ, ಸೊಸೆಯನ್ನ ತವರಿಗೆ ಕಳಿಸಿಬಿಡು ಅಂದರು ನೆಂಟರು. ನೀವು ನಿಮ್ಮ ಅಳು ನಿಲ್ಲಿಸಿ, 'ಅವಳ ಮನೆ ಇದೇ, ಬಾಗಿಲು ನಿಮಗೆ ಕಾಣಿಸ್ತಿದೆಯಲ್ಲ' ಅಂದಿರಿ. ಒಂದೇ ಮೊಟ್ಟೆ ಇದ್ದ ದಿನ ಹಳದಿ ಭಾಗ ನನ್ನ ತಟ್ಟೆಗೆ ಬಂತು. ಹುಂಜಕ್ಕಿಂತ ಮೊದಲೆದ್ದು, ನೋಯುವ ಮಂಡಿ ಮಡಚಿ ನೀವು ಕೆಂಡ ಊದಿದಿರಿ. ನಾನು ಹೋಗಿ ಭಟ್ಟಿಯನ್ನ ಹೊಗಳಿದೆ." ಅವಳು ಹೂಜಿಯ ಮೇಲೆ ಕೈ ಇಟ್ಟಳು. "ನಿಮಗೆ ಶುಕುರ್, ಅತ್ತೆಮ್ಮ. ನಿಮ್ಮನ್ನ ನನಗೆ ಕೊಟ್ಟ ಅಲ್ಲಾಹನಿಗೆ ಶುಕುರ್." ಹೇಳಿ ಸಜ್ದಾ ಮಾಡಿದಳು. ಹಣೆ ನೆಲಕ್ಕೆ ತಾಗುತ್ತಲೇ ಹೂಜಿ ಫಟ್ಟೆಂದು ಒಡೆಯಿತು.

ಖಮರ್‌ಬಿ ಸೀರೆ ಕೊಡವಿಕೊಂಡು ಹೊರಬಂದಳು. "ಅಲ್‌ಹಮ್ದುಲಿಲ್ಲಾಹ್, ಹೂಜಿಯಲ್ಲಿ ತೇವ ಇರಲಿಲ್ಲ," ಎಂದಳು. ಆಮೇಲೆ ಸಾಲಿನುದ್ದಕ್ಕೂ ನಡೆದಳು. "ಇದು ಮಕ್ಕಳ ನಗು, ಅಲ್‌ಹಮ್ದುಲಿಲ್ಲಾಹ್. ಇದು ನಾಲಿಗೆಯ ರುಚಿ, ಅಲ್‌ಹಮ್ದುಲಿಲ್ಲಾಹ್. ಇದು ಸುಲ್ತಾನರ ನಿದ್ದೆ. ಪಾಪ, ಅಲ್‌ಹಮ್ದುಲಿಲ್ಲಾಹ್." ಜೈತೂನಳೂ ದನಿಗೂಡಿಸಿದಳು. ಹೂಜಿಗಳು ಒಂದಾದಮೇಲೊಂದು ಒಡೆದವು.

"ನಿಲ್ಲಿಸಿ!" ಎಂದು ಜರಗೂನ ಅರಚಿದ.

"ಅಲ್ಲಪ್ಪ," ಎಂದಳು ಖಮರ್‌ಬಿ ನಿಧಾನವಾಗಿ, "ನಿನ್ನ ಉಸಿರಿಗೆ ನೀನು ಎಂದಾದರೂ ಶುಕುರ್ ಹೇಳಿದ್ದೀಯಾ? ನಿನ್ನದೇ ಮಂತ್ರ ನಿನಗೂ ತಾಗುತ್ತಲ್ಲ. ಇನ್ನೂ ತಡವಾಗಿಲ್ಲ ಮಗನೇ. ಒಂದೇ ಮಾತು. ಹೇಳಿಬಿಡು."

ಜರಗೂನ ಬಾಯಿ ತೆರೆದ. ಮಾತು ಗಂಟಲಿನವರೆಗೆ ಬಂತು. ಯಾರಿಗೂ ತಗ್ಗದ ಸೊಕ್ಕು ಅದನ್ನು ಅಲ್ಲೇ ತಡೆಯಿತು. ಅವನದೇ ಮಂತ್ರ ಅವನನ್ನು ಎಳೆದು ಕೊನೆಯ ಹೂಜಿಗೆ ತುಂಬಿತು. ಹೊರಬರಲು ಬೇಕಾದ ಮಾತು ಅವನ ಬಳಿಯೇ ಇದೆ. ಅವನು ಇನ್ನೂ ಹೇಳಿಲ್ಲ.

ಅಂಜೂರಾಬಾದಿಗೆ ನಗು ಮರಳಿತು, ರುಚಿ ಮರಳಿತು, ನಿದ್ದೆ ಮರಳಿತು. ಸುಲ್ತಾನ ನಗಾರಿಯನ್ನು ಇಳಿಸಿದ. ದಾರೋಗನಿಗೆ ಕತ್ತೆಯ ಜೊತೆ ನೀರು ಹೊರುವ ಕೆಲಸ ಸಿಕ್ಕಿತು. ಮನೆಮನೆಯಲ್ಲೂ ಜನ ತಮ್ಮ ಶುಕುರ್ ತಾವೇ, ಹೆಸರು ಹಿಡಿದು ಹೇಳತೊಡಗಿದರು.

ಮಾರನೆಯ ಜಾವ ಅತ್ತೆಗಿಂತ ಮೊದಲು ಏಳಬೇಕೆಂದು ಜೈತೂನ್ ಹುಂಜಕ್ಕೂ ಮುಂಚೆ ಎದ್ದಳು. ಖಮರ್‌ಬಿ ಆಗಲೇ ಮಣೆಯ ಮೇಲೆ ಕೂತಿದ್ದಳು. ಜೈತೂನ್ ಅವಳ ಕೈಯಿಂದ ಊದುಗೊಳವೆ ತೆಗೆದುಕೊಂಡು ಪಕ್ಕದಲ್ಲಿ ಕೂತಳು.

"ಅತ್ತೆಮ್ಮ, ಒಂದು ಮಾತು. ಜರಗೂನ ನಿಮ್ಮನ್ನ ಎಳಕೊಂಡು ಹೋದ. ನನ್ನನ್ನ ಯಾಕೆ ಬಿಟ್ಟ?"

"ಹೇಗೆ ಮುಟ್ತಾನೆ?" ಎಂದಳು ಖಮರ್‌ಬಿ, ಕೆಂಡ ನೋಡುತ್ತಾ. "ದಿನಾ ಈ ಹೊತ್ತಿಗೆ, ಎಲ್ಲದಕ್ಕಿಂತ ಮೊದಲು, ನಾನು ನಿನ್ನ ಹೆಸರೇ ಹೇಳ್ತಿದ್ದದ್ದು." ಕೆಂಡ ಕೆದಕುತ್ತಾ ಸೇರಿಸಿದಳು. "ರೊಟ್ಟಿಯ ವಿಷಯ ಬೇರೆ."

ಅಲ್ಲಿಂದಾಚೆ ಅವರಿಬ್ಬರೂ ಜಗಳವಾಡುತ್ತಾ ನೂರು ಕಾಲ ಸುಖವಾಗಿದ್ದರು. ಆ ಭಟ್ಟಿಯ ಬೆಂಕಿ ಮಾತ್ರ ನಿಜಕ್ಕೂ ಆರಲೇ ಇಲ್ಲ.