ಉದ್ದ ಐದು, ಅಗಲ ಒಂಬತ್ತು

"ಮಕ್ಕಳ ಶೂ ಮೂರನೇ ಸಾಲಲ್ಲಿದೆ ಸರ್. ಮಗನ್ನೂ ಕರ್ಕೊಂಡು ಬಂದಿದ್ರೆ ಅಳತೆ ನೋಡಬಹುದಿತ್ತು."

ಐದನೇ ನಂಬರು ಕೇಳಿದವನಿಗೆ ಹಾಗೆಂದದ್ದೇ ತಪ್ಪಾಯಿತು. ಎದುರು ನಿಂತಿದ್ದವನ ಕಿವಿ ಕೆಂಪಾಯಿತು.

"ಮಗನಿಗಲ್ಲ, ನನಗೆ! ಐದನೇ ನಂಬರು. ಕಪ್ಪು ಬಣ್ಣ, ಜಾರಬಾರದು, ದಿನವಿಡೀ ಹಾಕ್ಕೊಂಡು ಓಡಾಡೋ ಹಾಗಿರಬೇಕು. ದುಬಾರಿ ಬೇಡ. ನಗೋದಿದ್ರೆ ಈಗಲೇ ನಕ್ಕುಬಿಡಿ, ಕಾಯ್ತೀನಿ."

ಅವಳು ನಗಲಿಲ್ಲ. ಗಂಡಸರ ಶೂ ವಿಭಾಗದಲ್ಲಿ ನಾಲ್ಕು ವರ್ಷ ದುಡಿದವಳು. ಗಿರಾಕಿ ಬಂದರೆ ಮೊದಲು ಪಾದ ನೋಡುವುದು, ಆಮೇಲೆ ಮುಖ. ಇವನ ಮುಖವನ್ನು ಮೊದಲು ನೋಡಿದ್ದರಿಂದಲೇ ಈ ಎಡವಟ್ಟು!

"ಕೂತ್ಕೊಳ್ಳಿ. ಶೂ ಬಿಚ್ಚಿ."

ಏಳನೇ ನಂಬರಿನ ಶೂ. ತುದಿಯಲ್ಲಿ ತುರುಕಿದ ಹತ್ತಿ. ಹಿಮ್ಮಡಿಯಲ್ಲಿ ಒಡೆದ ಬೊಬ್ಬೆ. ಅವಳು ಅಳತೆಯ ಮಣೆಯ ಮೇಲೆ ಪಾದ ಇಡಿಸಿದಳು. ಉದ್ದ ಐದು, ಅಗಲ ಒಂಬತ್ತು. ಐದು ಹಾಕಿದರೆ ಕಿರುಬೆರಳು ಕೂಗುತ್ತದೆ, ಏಳು ಹಾಕಿದರೆ ಹಿಮ್ಮಡಿ ಈಜುತ್ತದೆ. ಹೇಳಿ ಮಾಡಿಸಿದರೆ ತಿಂಗಳ ಸಂಬಳ ಅಲ್ಲೇ ಕರಗುತ್ತದೆ.

"ಆಸ್ಪತ್ರೇಲಿ ಸ್ಟ್ರೆಚರ್ ತಳ್ತೀನಿ," ಅಂದ ಅವನು. "ಹೋದ ವಾರ ಇಳಿಜಾರಲ್ಲಿ ಎಡವಿದೆ. ಸ್ಟ್ರೆಚರ್ ಮೇಲೆ ಒಬ್ಬರು ಅಜ್ಜಿ ಇದ್ರು. ಪುಣ್ಯಕ್ಕೆ ಏನೂ ಆಗಲಿಲ್ಲ. ಇನ್ನೊಂದ್ಸಲ ಎಡವಿದ್ರೆ ಮನೆಗೆ ಹೋಗು ಅಂದಿದ್ದಾರೆ. ಅಲ್ಲಿ ಎಲ್ಲರೂ ನನ್ನ ಬಾತು ಅಂತ್ಲೇ ಕರೆಯೋದು. ನಡಿಗೆ ನೋಡಿ ಇಟ್ಟ ಹೆಸರು."

ಈಗ ಅವಳಿಗೆ ನಗು ಬಂತು. ಅವನಿಗೂ ಬಂತು.

ರಟ್ಟಿನ ಮುಚ್ಚಳವೊಂದನ್ನು ನೆಲಕ್ಕಿಟ್ಟು, ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದಳು. ಕಿರುಬೆರಳಿನ ಹತ್ತಿರ ಕಚಗುಳಿಯಾಗಿ ಅವನು ಕಾಲೆಳೆದುಕೊಂಡ. ಗೆರೆ ಸೊಟ್ಟಗಾಯಿತು.

"ಕಂಪನಿಗೆ ಬರೆದು ಕೇಳ್ತೀನಿ. ಶನಿವಾರ ಬನ್ನಿ."

ಅವನು ಶನಿವಾರ ಬಂದ. ಅದರ ಮುಂದಿನ ಶನಿವಾರವೂ ಬಂದ. ಶೂ ಹಾಕಿ ನೋಡುವ ಸ್ಟೂಲಿನ ಮೇಲೆ ಕೂತು, ಆಪರೇಷನ್ನಿಗೆ ಹೋಗುವಾಗಲೂ ಬಾಚಣಿಗೆ ಕೇಳುವ ಮುದುಕರ ಕಥೆ ಹೇಳಿದ. ಅವಳು ಪೆಟ್ಟಿಗೆ ಜೋಡಿಸುತ್ತಾ ಕೇಳಿದಳು. ಒಂದೇ ಸಾಲನ್ನು ಮೂರು ಸಲ ಜೋಡಿಸಿದಳು.

ಆ ವಾರವೇ ಕಂಪನಿಯಿಂದ ಉತ್ತರ ಬಂತು. ಸಣ್ಣ ನಂಬರಿನಲ್ಲಿ ಅಷ್ಟು ಅಗಲದ ಶೂ ಅವರು ಮಾಡುವುದಿಲ್ಲವಂತೆ. ಅವಳು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕಿಳಿಸಿದಳು.

'ಹೇಳಿಬಿಟ್ಟರೆ ಇನ್ನು ಯಾಕೆ ಬರುತ್ತಾನೆ?'

"ಉತ್ತರ ಇನ್ನೂ ಬಂದಿಲ್ಲ," ಅಂದಳು ಮೂರನೇ ಶನಿವಾರ. ನಾಲ್ಕನೆಯ ಶನಿವಾರವೂ ಅದನ್ನೇ ಅಂದಳು. ಅವನು ಕುಂಟುತ್ತಾ ಬಂದು ಕುಂಟುತ್ತಾ ಹೋದ. ಆ ಕುಂಟು ಅವಳ ಕಣ್ಣಿಗೆ ಬಿದ್ದಿತ್ತು. ಆದರೂ ಬಾಯಿ ಬಿಡಲಿಲ್ಲ. ಪ್ರೀತಿ ಮನುಷ್ಯರನ್ನು ಒಳ್ಳೆಯವರನ್ನಾಗಿ ಮಾಡುತ್ತದೆ ಅನ್ನುವುದೆಲ್ಲ ಬುರುಡೆ.

ಐದನೇ ಶನಿವಾರ ಅವನು ಬರಲಿಲ್ಲ.

ಸಂಜೆ ಮೇಲಿನ ಮಹಡಿಯಿಂದ, ಹೆಂಗಸರ ವಿಭಾಗ ನೋಡಿಕೊಳ್ಳುವ ಅಕ್ಕ ಇಳಿದು ಬಂದಳು. ಮುಖದ ತುಂಬ ಸುದ್ದಿ.

"ಏನೇ, ನಿನ್ನ ಬಾತು ನಿನ್ನೆ ನೀನು ಊಟಕ್ಕೆ ಹೋದಾಗ ಮೇಲೆ ಬಂದಿದ್ದ."

"ನನ್ನ ಬಾತು ಅಂದ್ರೇನಕ್ಕ? ಗಿರಾಕಿ ಅವರು."

"ಹೌದೌದು, ಗಿರಾಕಿ! ಹೆಂಗಸರ ಡ್ಯೂಟಿ ಶೂ ತಗೊಂಡ. ಕಪ್ಪು, ಆರನೇ ನಂಬರು, ಅಗಲದ್ದು. ಯಾರಿಗಪ್ಪಾ ಅಂದೆ. ಬೇಕಾದವರಿಗೆ ಅಂದ. ಕೆಳಗಿನ ಹುಡುಗಿಗೆ ಹೇಳಬೇಡಿ ಅಂತ ಕೈ ಬೇರೆ ಮುಗಿದ."

ಅವಳ ಕೈಯಲ್ಲಿದ್ದ ಪೆಟ್ಟಿಗೆ ಜಾರಿ ಬಿತ್ತು.

"ನನಗೇನಕ್ಕ? ಯಾರಿಗಾದ್ರೂ ತಗೊಳ್ಳಲಿ!"

"ಅಯ್ಯೋ, ನಿನಗೇನೂ ಇಲ್ಲ. ಮೊದಲು ಆ ಪೆಟ್ಟಿಗೆ ಎತ್ಕೋ."

ಬೇಕಾದವರು! ಯಾರವಳು? ಎರಡು ದಿನ ಅವಳು ಬೀದಿಯಲ್ಲಿ ತಲೆ ಎತ್ತಿ ನಡೆಯಲಿಲ್ಲ. ಎದುರಾದ ಹೆಂಗಸರ ಕಾಲನ್ನೇ ನೋಡಿದಳು. ಐದು, ಕಿರಿದು... ಇವಳಲ್ಲ. ಏಳು... ಇವಳೂ ಅಲ್ಲ. ಬಸ್ಸಿನಲ್ಲಿ ಆರನೇ ನಂಬರಿನ ಅಗಲ ಪಾದದವಳೊಬ್ಬಳು ಪಕ್ಕದಲ್ಲಿ ಕೂತಾಗ ಎದ್ದು ನಿಂತೇಬಿಟ್ಟಳು. ಪಾಪ, ಅವಳಿಗೆ ಅರವತ್ತು ದಾಟಿತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

'ಐದು ವಾರ ನನ್ನೆದುರು ಹಲ್ಲು ಕಿರಿದು, ಶೂ ಮಾತ್ರ ಅವಳಿಗೆ! ಹೋಗಲಿ, ನಾನೇನು ಸಾಚಾ? ಸುಳ್ಳು ಹೇಳಿ ಕಟ್ಟಿಹಾಕಿದ್ದೆ. ಹಗ್ಗ ಹರಿಯಿತು ಅಷ್ಟೆ...'

ಸೋಮವಾರ ಅವಳಿಗೆ ರಜೆ. ರಟ್ಟಿನ ಮುಚ್ಚಳವನ್ನು ಚೀಲಕ್ಕೆ ಹಾಕಿಕೊಂಡು ಆಸ್ಪತ್ರೆಗೆ ಹೋದಳು. ಅದನ್ನು ಅವನ ಮುಖಕ್ಕೆಸೆದು ಬರುವುದು, ಮುಗಿಯಿತು.

ಲಿಫ್ಟಿನ ಬಳಿ ಖಾಲಿ ಸ್ಟ್ರೆಚರ್ ಹಿಡಿದು ಅವನು ನಿಂತಿದ್ದ. ಪಕ್ಕದಲ್ಲಿ ಒಬ್ಬ ನರ್ಸ್ ಅವನ ಭುಜಕ್ಕೆ ಗುದ್ದಿ ನಗುತ್ತಿದ್ದಳು. ಇವಳ ಕಣ್ಣು ನೇರ ನೆಲಕ್ಕಿಳಿಯಿತು. ಕಪ್ಪು ಶೂ. ಅಗಲ. ಆರು!

ಸಿಕ್ಕಳು.

"ಸರಿಹೋಯ್ತಾ ಶೂ?" ಅಂದಳು ಹತ್ತಿರ ಹೋಗಿ. ದನಿ ತಾನಾಗಿಯೇ ಜೋರಾಯಿತು. "ನಿಮ್ಮ ಬೇಕಾದವರಿಗೆ ಕೇಳ್ತಿದ್ದೀನಿ. ಬಿಗಿ ಆದ್ರೆ ವಾಪಸ್ ತನ್ನಿ, ಬದಲಾಯಿಸಿ ಕೊಡೋಣ!"

ಅವನ ಕಿವಿ ಮತ್ತೆ ಕೆಂಪಾಯಿತು. ಸ್ಟ್ರೆಚರಿಗೆ ಅಂಟಿ ನಿಂತು ಕಾಲನ್ನು ಅದರ ಕೆಳಗೆ ಸರಿಸಿದ.

ನರ್ಸ್ ಇಬ್ಬರನ್ನೂ ನೋಡಿದಳು. "ಬಾತಣ್ಣ, ಶನಿವಾರದ ಮೇಡಂ ಇವರೇನಾ? ಇವರಿಗೆ ಇನ್ನೂ ಹೇಳಿಲ್ವಾ? ನನ್ನ ಕಾಲೂ ನಿನ್ನ ಹಾಗೇ ಅಗಲ, ಒಂದ್ಸಲ ನಮ್ಮ ಶೂ ಹಾಕಿ ನೋಡಣ್ಣ ಅಂತ ತಿಂಗಳಿಂದ ಬಡ್ಕೊಂಡೆ. ಹೇಳಿದಾಗ ಕೇಳದೆ, ಈಗ ಮುಚ್ಚಿಟ್ಕೋತಾನೆ." ಲಿಫ್ಟ್ ಬಂತು, ಅವಳು ಹತ್ತಿ ಹೋದಳು.

ನಮ್ಮ ಶೂ?

ಅವಳು ಬಗ್ಗಿ ಸ್ಟ್ರೆಚರಿನ ಕೆಳಗೆ ನೋಡಿದಳು. ಅವನ ಕಾಲಲ್ಲಿ ಕಪ್ಪು ಡ್ಯೂಟಿ ಶೂ. ಮುಂದಿದ್ದ ಪುಟ್ಟ ಹೂವನ್ನು ಬ್ಲೇಡಿನಿಂದ ಕಿತ್ತ ಗುರುತು. ಹೂವು ಹೊಲಿದಿದ್ದ ದಾರದ ನಾಲ್ಕು ತೂತು.

ಗಂಡಸರ ಐದು ಅಂದರೆ ಹೆಂಗಸರ ಆರು! ಕೆಲಸಕ್ಕೆ ಸೇರಿದ ಮೊದಲ ದಿನವೇ ಅಕ್ಕ ಹೇಳಿಕೊಟ್ಟ ಪಾಠ. ಈ ಪಾದವನ್ನು ಸ್ವಂತ ಕೈಯಿಂದ ಅಳೆದವಳು, ಊರ ಹೆಂಗಸರ ಕಾಲೆಲ್ಲ ಹುಡುಕಿ ಬಂದಿದ್ದಳು.

"ಇನ್ನೊಂದು ದಿನ ಆ ಹಳೇದನ್ನ ಹಾಕಿದ್ರೆ ಎಡವ್ತಿದ್ದೆ," ಅಂದ ಅವನು ಮೆಲ್ಲಗೆ. "ಇದು ಅಗ್ಗಕ್ಕೂ ಸಿಕ್ತು. ಹೂವಿನ ಶೂ ಹಾಕೋ ಗಂಡಸು ಅಂತ ನೀವು ನಕ್ಕರೆ... ಬೇರೆಯವರು ನಕ್ಕರೆ ಪರವಾಗಿಲ್ಲ. ಅದೂ ಅಲ್ದೆ, ಶೂ ಸಿಕ್ತು ಅಂತ ಗೊತ್ತಾದ್ರೆ ಶನಿವಾರ ಯಾವ ನೆಪ ಹೇಳ್ಲಿ? ಅದಕ್ಕೇ ಮೊನ್ನೆ ಬರೋಕೆ ಧೈರ್ಯ ಆಗ್ಲಿಲ್ಲ."

ಅವಳು ಚೀಲದಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಕೊಟ್ಟಳು.

ಅವನು ಓದಿದ. ತಾರೀಕು ನೋಡಿದ. ಮತ್ತೊಮ್ಮೆ ನೋಡಿದ.

"ಇದು ಬಂದು ಮೂರು ವಾರ ಆಗಿದೆ."

"ಹ್ಞೂಂ."

"ಅಂದ್ರೆ ಮೂರು ವಾರ ನನ್ನ ಹಿಮ್ಮಡಿ ಸುಲಿದದ್ದು..."

"ನನ್ನಿಂದಲೇ. ಹೇಳಿದ್ರೆ ನೀವು ಬರಲ್ಲ ಅಂತ ಹೇಳಲಿಲ್ಲ. ಬೈಯಿರಿ. ಎಷ್ಟು ಬೇಕಾದ್ರೂ ಬೈಯಿರಿ."

ಅವನು ಬೈಯಲಿಲ್ಲ, ನಗಲೂ ಇಲ್ಲ. ಕಾಗದವನ್ನು ಅದೇ ಮಡಿಕೆಯಲ್ಲಿ ಮಡಚಿದ. "ನಾನು ಬಿದ್ದಿದ್ರೆ ಸ್ಟ್ರೆಚರ್ ಮೇಲಿರೋರೂ ಬೀಳ್ತಿದ್ರು. ಇನ್ನೊಮ್ಮೆ ಹೀಗೆ ಮಾಡಬೇಡಿ."

"ಮಾಡಲ್ಲ."

ಅವಳು ಅಲ್ಲೇ ಮಂಡಿಯೂರಿ, ಅಂಗಡಿಯಲ್ಲಿ ಮಾಡುವಂತೆ ಶೂವಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಬೆರಳಿನ ಮುಂದೆ ಬೇಕಾದಷ್ಟು ಜಾಗವಿತ್ತು. ಅಗಲವೂ ಸರಿಯಿತ್ತು. ಕಣ್ಣೀರಿನ ಒಂದು ಹನಿ ಆ ನಾಲ್ಕು ತೂತುಗಳ ಮೇಲೆ ಬಿತ್ತು.

"ಏಳಿ, ಎಲ್ಲ ನೋಡ್ತಿದ್ದಾರೆ," ಅಂದ ಅವನು. ದನಿ ಈಗ ಮೆತ್ತಗಾಗಿತ್ತು. "ಅದೇನು ಚೀಲದಲ್ಲಿ?"

"ನಿಮ್ಮ ಪಾದದ ಅಳತೆ. ಮುಖಕ್ಕೆಸೆಯೋಣ ಅಂತ ತಂದೆ."

"ಎಸೀರಿ ಮತ್ತೆ."

"ಇಲ್ಲ. ಇದು ನನ್ನ ಹತ್ರ ಇರಲಿ."

ಅವನು ಕೈ ಹಿಡಿದು ಎಬ್ಬಿಸಿದ. ಎದ್ದ ಮೇಲೂ ಬಿಡಲಿಲ್ಲ.

"ಶನಿವಾರ ಬನ್ನಿ," ಅಂದಳು.

"ಶೂ ಸಿಕ್ತಲ್ಲ?"

"ಆ ತೂತು ಮುಚ್ಚಿಸ್ಬೇಕಲ್ಲ. ನಾಲ್ಕಿದೆ. ವಾರಕ್ಕೊಂದು."

"ನಾಲ್ಕು ವಾರ ಆದ್ಮೇಲೆ?"

ಅವಳು ಅವನ ಇನ್ನೊಂದು ಕಾಲನ್ನು ನೋಡಿದಳು.

"ಅದರಲ್ಲೂ ನಾಲ್ಕಿದೆ!"