ಮೂರನೇ ಗೋಲಿನ ಟೋಪಿ

ಆ ಶನಿವಾರ ಬೆಳಿಗ್ಗೆ ಲಂಡನ್ನಿನ ರೇನರ್ಸ್ ಲೇನಿನಲ್ಲಿ ಹಿಮ ಬಿದ್ದಿರಲಿಲ್ಲ. ಬಿದ್ದಿದ್ದರೆ ಚಳಿ ಇಷ್ಟು ಕೊರೆಯುತ್ತಿರಲಿಲ್ಲವೇನೋ. ರಾತ್ರಿಯ ಇಬ್ಬನಿಯೇ ಹೆಪ್ಪುಗಟ್ಟಿ ಹುಲ್ಲಿನ ಮೇಲೆ, ಬೇಲಿಯ ಮೇಲೆ, ಸಾಲಾಗಿ ನಿಂತ ಕಾರುಗಳ ಗಾಜಿನ ಮೇಲೆ ಸಕ್ಕರೆ ಉದುರಿಸಿದಂತೆ ಕೂತಿತ್ತು. ಸೂರ್ಯನಾರಾಯಣನೇನೋ ಬಂದಿದ್ದ. ಆದರೆ ಬರಿಗೈಯಲ್ಲಿ ಬಂದ ನೆಂಟನಂತೆ ಬೆಳಕು ಬಿಟ್ಟು ಬೇರೇನೂ ತಂದಿರಲಿಲ್ಲ. ಎರಡು ಸಾವಿರದ ಇಸವಿಯ ಸಂಕ್ರಾಂತಿ ಅದು. ಇಲ್ಲಿಯವರೆಗೆ ನಡೆದು ಬರುವಷ್ಟರಲ್ಲಿ ಪಾಪ, ಅವನಿಗೂ ಸುಸ್ತಾಗಿರಬೇಕು.

ಡಾಕ್ಟರ್ ಸತ್ಯನಾರಾಯಣರ ಮನೆಯ ಬಾಗಿಲಲ್ಲಿ ದಾನಪ್ಪ ಕೈ ಉಜ್ಜುತ್ತ ನಿಂತಿದ್ದ. ಬಾಗಲಕೋಟೆಯ ಹುಡುಗ. ಪಾರ್ಕ್ ರಾಯಲ್‌ನ ಒಂದು ಊಟದ ಕಾರ್ಖಾನೆಯಲ್ಲಿ ಅವನಿಗೆ ರುಚಿ ನೋಡುವ ಕೆಲಸ. ಹಗಲೆಲ್ಲ ಡಬ್ಬಿಗೆ ಹೋಗುವ ಸಪ್ಪೆ ಸಾರನ್ನು ಚಪ್ಪರಿಸಿ ‘ಓಕೆ’ ಎನ್ನುವುದು, ಸಂಜೆ ಮನೆಗೆ ಬಂದು ಶೇಂಗಾ ಚಟ್ನಿಪುಡಿ ತಿಂದು ನಾಲಿಗೆಯ ಕ್ಷಮೆ ಕೇಳುವುದು.

ಬಾಗಿಲು ತೆರೆದವರು ಪ್ರಭಾ ಆಂಟಿ.

"ಅಯ್ಯೋ, ಬರೀ ತಲೇಲಿ ಬಂದಿದ್ದೀಯಲ್ಲಪ್ಪ! ಬಾ ಒಳಗೆ. ನಿನ್ನ ಡಬ್ಬಿ ಇವತ್ತೂ ಸಿಕ್ಕಲಿಲ್ಲ ನೋಡು."

"ಇರ್ಲಿ ಬಿಡ್ರಿ ಆಂಟಿ. ಅವಸರೇನಿಲ್ಲ."

ಅವಸರ ಇಲ್ಲವೆಂದದ್ದು ಸುಳ್ಳಲ್ಲ. ದೀಪಾವಳಿಗೆ ದಾನಪ್ಪ ಶೇಂಗಾ ಹೋಳಿಗೆ ತುಂಬಿ ತಂದಿದ್ದ ಸ್ಟೀಲಿನ ಡಬ್ಬಿ ಅದು. ಮುಚ್ಚಳದ ಮೇಲೆ ಅವನ ತಾಯಿಯ ಹೆಸರು ಕೊರೆಸಿದೆ. ಡಬ್ಬಿಯನ್ನು ಖಾಲಿ ಹಿಂದಿರುಗಿಸುವ ಪದ್ಧತಿ ಪ್ರಭಾ ಅವರ ಮನೆಯಲ್ಲಿಲ್ಲ. ಏನಾದರೂ ಸಿಹಿ ಮಾಡಿದಾಗ ತುಂಬಿ ಕೊಡೋಣವೆಂದು ಎತ್ತಿಟ್ಟರು. ಸಿಹಿ ಮಾಡಿದಾಗ ಡಬ್ಬಿ ಕಾಣದಾಯಿತು. ಭಜನೆಗೆಂದು ಬರುವ ದಾನಪ್ಪನಿಗೆ ಅಂದಿನಿಂದ, ಭಜನೆ ಇಲ್ಲದ ವಾರವೂ ಬರಲು ಒಂದು ನೆಪವಿತ್ತು. ಡಬ್ಬಿ ಸಿಗದಿರಲಿ ಎಂದು ಅವನು ಎದೆಯ ಮೇಲಿನ ಲಿಂಗದ ಕರಡಿಗೆ ಮುಟ್ಟಿಕೊಂಡು ಬೇಡುತ್ತಿದ್ದುದು ಬಸವಣ್ಣನಿಗೆ ಗೊತ್ತು.

ಆ ಬೇಡಿಕೆಯ ಕಾರಣವೇ ಈಗ ಮಹಡಿಯ ಮೆಟ್ಟಿಲಿಳಿದು ಬರುತ್ತಿದ್ದಳು. ಮನೆಯ ಮಗಳು, ಹೆಸರು ವೇದಾ. ಆಸ್ಪತ್ರೆಯಲ್ಲಿ ಫಿಸಿಯೋ. ಕೆಂಪು ಸ್ಕಾರ್ಫನ್ನು ಕುತ್ತಿಗೆಗೆ ಸುತ್ತಿಕೊಳ್ಳುತ್ತ, ಆ ಸುತ್ತಿನ ನಡುವೆಯೇ ಒಂದು ಸಲ ಅವನತ್ತ ನೋಡಿ, ಏನೂ ನೋಡಿಲ್ಲವೆಂಬಂತೆ ಸ್ಕಾರ್ಫಿನ ತುದಿ ಸರಿಮಾಡಿಕೊಂಡಳು.

"ನಿಮಗೆ ಐಸ್ ಹಾಕಿ ಗೊತ್ತಾ?"

"ಐಸೂ ಗೊತ್ತೈತ್ರಿ, ಹಾಕೀನೂ ಗೊತ್ತೈತ್ರಿ. ಎರಡೂ ಕೂಡಿದ್ದು ನೋಡಿಲ್ಲ."

ಅವಳು ಭುಜ ಸರಿಮಾಡಿದ್ದ ಆಟಗಾರನೊಬ್ಬ ಎರಡು ಟಿಕೆಟ್ ಕೊಟ್ಟಿದ್ದ. ‘ಅಪ್ಪನಿಗೆ ಶೀತ, ನೀವು ಬರ್ತೀರಾ?’ ಎಂದು ಅವಳು ಕೇಳಿದಾಗ ದಾನಪ್ಪ ಆಟ ಯಾವುದೆಂದು ಕೇಳುವ ಮೊದಲೇ ಹೂಂ ಅಂದಿದ್ದ.

ಅಷ್ಟರಲ್ಲಿ ಪ್ರಭಾ ಕಂದು ಬಣ್ಣದ ಒಂದು ಮಂಕಿ ಕ್ಯಾಪ್ ತಂದು ಅವನ ತಲೆಗೆ ಎಳೆದೇಬಿಟ್ಟರು. ಕಣ್ಣು, ಮೂಗು, ಬಾಯಿ ಬಿಟ್ಟು ಉಳಿದ ದಾನಪ್ಪ ಮಾಯವಾದ. ಒಳಗೆ ಅಮೃತಾಂಜನದ ವಾಸನೆ.

"ಯಜಮಾನರದು. ಪೂಜೇಲಿದ್ದಾರೆ, ಕೇಳಿಲ್ಲ. ಅವರು ಇಲ್ಲಿಗೆ ಬರೋವಾಗ ಮೈಸೂರಲ್ಲಿ ನಮ್ಮತ್ತೆ ಹೆಣೆದುಕೊಟ್ಟಿದ್ದು. ಅತ್ತೆ ಹೋದ್ಮೇಲೆ ಅವರಿಗೆ ಅದೇ ದೇವರು. ಜೋಪಾನ!" ಎಂದು ದನಿ ತಗ್ಗಿಸಿ, ಸಂತೋಷದಲ್ಲೇ ಸೇರಿಸಿದರು: "ನಾಳೆ ಬೆಂಗಳೂರಿನ ಡೆಂಟಿಸ್ಟ್ ಹುಡುಗನ ಮನೆಗೆ ಫೋನ್ ಮಾಡ್ತಾರೆ. ಇವಳು ಹೂಂ ಅನ್ನಲ್ಲ, ಉಹೂಂ ಅನ್ನಲ್ಲ. ಇವರೇ ಹೂಂ ಅಂತ ಹೇಳಿಬಿಡ್ತಾರಂತೆ."

ಮಂಕಿ ಕ್ಯಾಪಿನೊಳಗಿನ ಮುಖ ಏನಾಯಿತೆಂದು ಯಾರಿಗೂ ಕಾಣಲಿಲ್ಲ. ಅದೊಂದು ಉಪಕಾರ.

ಪಿಕಡಿಲಿ ಲೈನಿನ ಟ್ಯೂಬ್ ರೈಲು ಹತ್ತಿ, ಆಕ್ಟನ್ ಟೌನಿನಲ್ಲಿ ಗಾಡಿ ಬದಲಿಸಿ ಹೌನ್ಸ್ಲೋ ಕಡೆ ಹೊರಟರು. ದಾರಿಯುದ್ದಕ್ಕೂ ದಾನಪ್ಪ ಮನಸ್ಸಿನಲ್ಲಿ ಒಂದೇ ವಾಕ್ಯ ಕಟ್ಟುತ್ತಿದ್ದ, ಕೆಡವುತ್ತಿದ್ದ. ಇವತ್ತು ಹೇಳದಿದ್ದರೆ ನಾಳೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ.

"ಏನ್ ಯೋಚನೆ ಮಾಡ್ತಿದ್ದೀರಾ?"

"ಏನಿಲ್ರಿ. ಕುಲಾಯಿ ಬೆಚ್ಚಗೈತಿ."

ಅವಳು ಕಿಟಕಿಯ ಕಡೆ ತಿರುಗಿದಳು. ಗಾಜಿನಲ್ಲಿ ಅವಳ ನಗು ಮಾತ್ರ ಇವನ ಕಡೆಗೇ ಇತ್ತು.

ಅದೊಂದು ಹಳೆಯ ರಗ್ಬಿ ಮೈದಾನ. ನಡುವೆ ಮಂಜುಗಡ್ಡೆ ಹಾಸಿ, ಸುತ್ತ ಹಲಗೆಯ ಗೋಡೆ ಕಟ್ಟಿದ್ದರು. ಮೇಲೆ ಬಯಲು ಆಕಾಶ; ಹೀಥ್ರೂಗೆ ಇಳಿಯುವ ವಿಮಾನಗಳು ಸ್ಕೋರ್ ಕೇಳಿಕೊಂಡು ಹೋಗುವಷ್ಟು ಕೆಳಗೆ ಹಾಯುತ್ತಿದ್ದವು. ಆಟಗಾರರು ಗಾದಿ ತುಂಬಿದ ಬಟ್ಟೆ ತೊಟ್ಟು, ಬೂಟಿನ ಅಡಿಯಲ್ಲಿ ಚೂರಿ ಕಟ್ಟಿಕೊಂಡು ಜಾರುತ್ತಿದ್ದರು. ಒಬ್ಬರಿಗೊಬ್ಬರು ಡಿಕ್ಕಿ ಹೊಡೆದಾಗ ಗೋದ್ರೆಜ್ ಬೀರು ಮೆಟ್ಟಿಲ ಮೇಲಿಂದ ಬಿದ್ದ ಸದ್ದು.

"ಎಲ್ಲೈತ್ರಿ ಆ ಚೆಂಡು?"

"ಚೆಂಡಲ್ಲ. ಕರಿ ಬಿಲ್ಲೆ. ಅದೋ!"

"ಎಲ್ಲಿ?"

"ಹೋಯ್ತು."

"ನಾ ನೋಡೂದ್ರಾಗ ಅದು ಹೋಗೇ ಇರ್ತೈತಲ್ರಿ."

"ಬಿಲ್ಲೆ ನೋಡ್ಬೇಡಿ. ಜನ ಎಲ್ಲಿ ನೋಡ್ತಾರೆ ಅಲ್ಲಿ ನೋಡಿ."

ದಾನಪ್ಪ ಜನ ಎಲ್ಲಿ ನೋಡುತ್ತಾರೋ ಅಲ್ಲಿ ನೋಡಲಿಲ್ಲ. ಚಳಿಗೆ ಕೆಂಪಾದ ಅವಳ ಮೂಗಿನ ತುದಿಯನ್ನೂ, ಬಾಯಿಂದ ಹೊರಟು ಸ್ಕಾರ್ಫಿನಲ್ಲಿ ಕರಗುವ ಉಸಿರಿನ ಹಬೆಯನ್ನೂ ನೋಡಿದ. ಅಷ್ಟರಲ್ಲಿ ಹದಿನೇಳನೇ ನಂಬರಿನ ಒಬ್ಬ ಭೀಮಕಾಯ ಗೋಲು ಹೊಡೆದ. ವೇದಾ ಎದ್ದು ನಿಂತು ಕಿರುಚಿದಳು:

"ನನ್ನ ಭುಜ! ನೋಡಿ, ನೋಡಿ, ನನ್ನ ಭುಜ!"

ಇನ್ನೊಬ್ಬನ ಭುಜವನ್ನು ಅವಳು ಅಷ್ಟು ಹಕ್ಕಿನಿಂದ ತನ್ನದೆಂದದ್ದು ದಾನಪ್ಪನಿಗೆ ಚಳಿಗಿಂತ ಹೆಚ್ಚು ತಾಗಿತು. ಟಿಕೆಟ್ ಕೊಟ್ಟವನು ಇವನೇ. ಕೆನಡಾದವನಂತೆ. ಬೆಂಗಳೂರಿನ ಡೆಂಟಿಸ್ಟಿಗೆ ಹೂಂ ಅನ್ನದಿರುವುದಕ್ಕೆ ಕಾರಣ ಇದೋ? ಹಲ್ಲಿನವನೊಬ್ಬ, ಭುಜದವನೊಬ್ಬ, ನಡುವೆ ಸಾರಿನ ರುಚಿ ನೋಡುವ ತಾನು ಯಾವ ಲೆಕ್ಕ?

ಹದಿನೇಳು ಇನ್ನೊಂದು ಹೊಡೆದ. "ನನ್ನ ಭುಜ!" ದಾನಪ್ಪ ಸಭ್ಯತೆಗೆ ಚಪ್ಪಾಳೆ ತಟ್ಟಿದ, ಒಂದೇ ಸಲ.

ಮೂರನೆಯದೂ ಬಿತ್ತು.

ಆಮೇಲೆ ನಡೆದದ್ದನ್ನು ನಿಧಾನವಾಗಿ ಹೇಳಬೇಕು. ಇಡೀ ಮೈದಾನ ಎದ್ದು ನಿಂತಿತು. ಮುಂದಿನ ಸಾಲಿನ ವಯಸ್ಸಾದವರೊಬ್ಬರು ಟೋಪಿ ತೆಗೆದು, ಬೋಳುತಲೆ ಬಾಗಿಸಿ, ಅದನ್ನು ಮಂಜಿನ ಮೇಲೆ ಎಸೆದರು. ಪಕ್ಕದ ಅಜ್ಜಿ ಎಸೆದರು. ಎಲ್ಲ ಕಡೆಯಿಂದ ಟೋಪಿಗಳು ಹೂವಿನಂತೆ ಉದುರಿದವು. ಆ ಗದ್ದಲದಲ್ಲಿ ದಾನಪ್ಪನ ಕಣ್ಣಿಗೆ ಅದು ಸಾಕ್ಷಾತ್ ಮಂಗಳಾರತಿಯ ಹೊತ್ತಾಗಿ ಕಂಡಿತು. ಎಲ್ಲರೂ ಕೈಮುಗಿಯುವಾಗ ನಾವೊಬ್ಬರೇ ಕೈಕಟ್ಟಿ ನಿಲ್ಲುವುದುಂಟೇ? ಅದೂ ಅಲ್ಲದೆ, ದೇವರ ಮುಂದೆ ಇಟ್ಟದ್ದು ಎಲ್ಲಿ ಹೋಗುತ್ತದೆ? ತೆಂಗಿನಕಾಯಿ ಕೊಟ್ಟರೆ ಅರ್ಧ ಹೋಳು, ಬಾಳೆಹಣ್ಣು ಕೊಟ್ಟರೆ ಒಂದಾದರೂ ಬಾಳೆಹಣ್ಣು, ಪೂಜೆ ಮುಗಿದ ಮೇಲೆ ತಿರುಗಿ ಕೈಗೆ ಬಂದೇ ಬರುತ್ತದೆ.

ಅವನು ಮಂಕಿ ಕ್ಯಾಪ್ ತೆಗೆದ. ಹಗುರ ಉಣ್ಣೆ ಗಾಳಿಗೆ ಹಾರದಿರಲೆಂದು ಗಂಟು ಹಾಕಿ, ಕಣ್ಣಿಗೊತ್ತಿಕೊಂಡು, ಕಾಲೇಜಿನಲ್ಲಿ ಬೌಂಡರಿಯಿಂದ ವಿಕೆಟ್ಟಿಗೆ ಎಸೆಯುತ್ತಿದ್ದ ಅದೇ ಕೈಯಿಂದ ಎಸೆದ. ಅದು ಎಲ್ಲರ ಟೋಪಿಗಿಂತ ದೂರ ಹೋಗಿ ಹದಿನೇಳರ ಕಾಲ ಬಳಿ ಬಿತ್ತು.

ಹುಡುಗರು ಬಂದು ಟೋಪಿಗಳನ್ನು ಗುಡ್ಡೆಮಾಡಿ ಕಪ್ಪು ಚೀಲಗಳಿಗೆ ತುಂಬಿ ಒಯ್ದರು. ಆಟ ಮತ್ತೆ ಶುರುವಾಯಿತು. ದಾನಪ್ಪ ಸ್ವಲ್ಪ ಹೊತ್ತು ಕಾದು, ಮೆಲ್ಲಗೆ ಕೇಳಿದ:

"ಯಾವಾಗ ವಾಪಸ್ ಕೊಡ್ತಾರ್ರಿ?"

"ಏನನ್ನ?"

"ಟೋಪಿ."

ವೇದಾ ಮೊದಲು ಅವನ ಬರಿತಲೆಯನ್ನು, ಆಮೇಲೆ ಮೈದಾನವನ್ನು, ಮತ್ತೆ ಅವನ ತಲೆಯನ್ನು ನೋಡಿದಳು.

"ನೀವು... ಅಜ್ಜಿ ಹೆಣೆದ ಟೋಪಿ... ಎಸೆದ್ರಾ?"

"ಎಲ್ಲಾರೂ ಒಗದ್ರಲ್ರಿ!"

"ಅದು ಮೂರು ಗೋಲ್ ಹೊಡೆದವನಿಗೆ ಮರ್ಯಾದೆ ರೀ! ಯಾರೂ ವಾಪಸ್ ಕೊಡಲ್ಲ!"

"ಪ್ರಸಾದ ಕೊಡೂದಿಲ್ಲೇನ್ರಿ?"

ಅವಳಿಗೆ ಕೋಪ ಬಂದಿತ್ತು, ನಿಜವಾಗಿಯೂ ಬಂದಿತ್ತು. ಆದರೆ ಆ ಕೊನೆಯ ಮಾತಿಗೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ಅಲುಗಾಡಿದಳು. ಪಕ್ಕದ ಅಜ್ಜಿ ಪಾಪ, ಅಳುತ್ತಿದ್ದಾಳೆಂದು ಟಿಶ್ಯೂ ಕೊಟ್ಟರು.

ಆಟ ಮುಗಿದ ಮೇಲೆ ಹಿಂಬದಿಯ ಗೇಟಿಗೆ ಓಡಿದರು. ಟೋಪಿಗಳೆಲ್ಲ ಬಡವರಿಗೆ ಹೋಗುತ್ತವೆ, ಬೇಕಾದರೆ ಹುಡುಕಿಕೊಳ್ಳಿ ಎಂದು ಅಲ್ಲಿದ್ದ ಹೆಂಗಸು ಚೀಲಗಳನ್ನು ಒಂದು ದೊಡ್ಡ ತೊಟ್ಟಿಗೆ ಸುರಿದಳು. ತೊಟ್ಟಿಯ ಆಚೆ ಬದಿ ವೇದಾ, ಈಚೆ ಬದಿ ದಾನಪ್ಪ. ಕೆಂಪು ಟೋಪಿ, ಕೋಡಿನ ಟೋಪಿ, ಗೊಂಡೆಯ ಟೋಪಿ. ಕಂದು ಮಂಕಿ ಕ್ಯಾಪ್ ಮಾತ್ರ ಇಲ್ಲ.

"ಅಪ್ಪನಿಗೆ ಏನು ಹೇಳ್ತೀರಾ?"

"ಖರೇನ ಹೇಳ್ತೀನ್ರಿ." ಅವನು ಮೊಳಕೈವರೆಗೆ ಟೋಪಿಯಲ್ಲಿ ಮುಳುಗಿ, ತನ್ನಷ್ಟಕ್ಕೆ ತಾನೇ ಗೊಣಗಿದ: "ತಾಯಿ ಟೋಪಿ ಕಳದವಂಗ ಮಗಳನ್ನ ಯಾರು ಕೊಡ್ತಾರ್ರಿ..."

ತೊಟ್ಟಿಯ ಆಚೆ ಕೈಗಳು ನಿಂತವು.

"ಏನಂದ್ರಿ?"

"ಟೋಪಿ ಅಂದ್ನಿ."

"ಅದರ ಮುಂದಿನದು."

ದಾರಿಯುದ್ದಕ್ಕೂ ಕಟ್ಟಿದ್ದ ವಾಕ್ಯ ಯಾವಾಗಲೋ ಓಡಿಹೋಗಿತ್ತು. ದಾನಪ್ಪ ಕರಡಿಗೆ ಮುಟ್ಟಿಕೊಂಡ.

"ವೇದಾ ಅವ್ರ, ನಾಳೆ ಆ ಹಲ್ಲಿನ ಡಾಕ್ಟರಿಗೆ ಹೂಂ ಅನಬ್ಯಾಡ್ರಿ. ನನಗ ಹೂಂ ಅನ್ರಿ ಅಂತ ಕೇಳಾಕ ಬಂದಿದ್ನಿ. ಹಂಗಂತ ಜುಲುಮಿ ಇಲ್ಲ. ನಿಮಗ ಆ ಹದಿನೇಳನೇ ನಂಬರ್ ಮನಸಿನ್ಯಾಗಿದ್ರ..."

"ಯಾರು? ಅವರಾ?"

ಅವಳು ಕೈ ತೋರಿಸಿದ ಕಡೆ, ಬಾಗಿಲಿನಿಂದ ಹದಿನೇಳು ಹೊರಬರುತ್ತಿದ್ದ. ಒಂದು ಕೈಯಲ್ಲಿ ಮಗು, ಪಕ್ಕದಲ್ಲಿ ಹೆಂಡತಿ. ತಲೆಯ ಮೇಲೆ, ಕಣ್ಣು ಮೂಗು ಬಾಯಿ ಬಿಟ್ಟು ಉಳಿದದ್ದನ್ನೆಲ್ಲ ಮುಚ್ಚಿ, ಮೈಸೂರಿನ ಅಜ್ಜಿ ಹೆಣೆದ ಕಂದು ಮಂಕಿ ಕ್ಯಾಪ್!

ವೇದಾ ಓಡಿಹೋಗಿ ವಿಷಯ ಹೇಳಿದಳು. ಅವನು ಹೋ ಎಂದು ನಕ್ಕು, ಇಷ್ಟು ವರ್ಷ ಆಡಿದರೂ ಕಿವಿಯನ್ನೂ ಗಂಟಲನ್ನೂ ಒಟ್ಟಿಗೆ ಕಾಯುವ ಟೋಪಿ ಕಂಡಿರಲಿಲ್ಲವೆಂದು, ಮನಸ್ಸಿಲ್ಲದ ಮನಸ್ಸಿನಿಂದ ತೆಗೆದು ಕೊಟ್ಟ. ದಾನಪ್ಪ ಎರಡೂ ಕೈ ಚಾಚಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ.

"ನೋಡಿದ್ರಿಲ್ಲೋ? ಪ್ರಸಾದ ಬಂತು."

ಟ್ಯೂಬಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ಆಕ್ಟನ್ ಟೌನ್ ದಾಟಿದ ಮೇಲೆ ಕಿಟಕಿಯ ಗಾಜಿಗೆ ಹೇಳುವಂತೆ ಹೇಳಿದಳು:

"ಅಪ್ಪನಿಗೆ ಶೀತ ಇರಲಿಲ್ಲ. ಅವರನ್ನ ನಾನು ಕೇಳೇ ಇಲ್ಲ."

ಬಾಗಿಲು ತೆರೆದ ಡಾಕ್ಟರ್ ಸತ್ಯನಾರಾಯಣರ ತಲೆಗೆ ಪ್ರಭಾ ಅವರ ಗುಲಾಬಿ ಶಾಲು ಸುತ್ತಿತ್ತು. ಆಸ್ಪತ್ರೆಯಲ್ಲಿ ರೋಗಿಗಳಿಗೆ ಅರಿವಳಿಕೆ ಕೊಡುವ ಕೆಲಸ ಅವರದು. ಅವರು ಸುಮ್ಮನೆ ನೋಡಿದರೂ ಎದುರಿನವರ ಕೈಕಾಲು ಮರಗಟ್ಟುತ್ತಿತ್ತು.

"ಟೋಪಿ ಎಲ್ರೀ?"

ದಾನಪ್ಪ ಟೋಪಿ ಮುಂದಿಟ್ಟ. ಇಟ್ಟು, ಎಸೆದದ್ದು, ಗಂಟು ಹಾಕಿದ್ದು, ಪ್ರಸಾದಕ್ಕೆ ಕಾದದ್ದು, ಕೆನಡಾದವನು ತೊಟ್ಟದ್ದು, ಒಂದನ್ನೂ ಬಿಡದೆ ಹೇಳಿದ. ಅಡುಗೆಮನೆಯ ಬಾಗಿಲಲ್ಲಿ ಪ್ರಭಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು.

ಡಾಕ್ಟರು ಬಹಳ ಹೊತ್ತು ಟೋಪಿಯ ಹೆಣಿಗೆಯ ಮೇಲೆ ಬೆರಳಾಡಿಸಿದರು.

"ಎಷ್ಟು ಜನ ಇದ್ರು?"

"ಭಾಳ ಮಂದಿ ಇದ್ರು ಡಾಕ್ಟರ್ ಸಾಹೇಬ್ರ. ಮೈದಾನ ತುಂಬಿತ್ತು."

"ಅಷ್ಟು ಟೋಪೀಲಿ ಅವನು ಇದನ್ನೇ ಆರಿಸ್ಕೊಂಡನಾ?"

"ಹೌದ್ರಿ. ಇದನ್ನ."

"ನಮ್ಮಮ್ಮನ ಕೈ ಕಣ್ರೀ ಅದು!" ಡಾಕ್ಟರ ದನಿ ಒದ್ದೆಯಾಯಿತು. "ಪ್ರಭಾ, ಕೇಳಿಸ್ತಾ? ಕೆನಡಾದವನಿಗೆ ಗೊತ್ತಾಯ್ತು. ಈ ಮನೇಲಿ ಮಾತ್ರ ಹೊಸದು ತಗೊಳ್ಳಿ, ಹೊಸದು ತಗೊಳ್ಳಿ ಅಂತಾರೆ!"

ಆ ಸಂತೋಷ ಆರುವ ಮೊದಲೇ ದಾನಪ್ಪ ಇನ್ನೊಂದು ಹೆಜ್ಜೆ ಇಟ್ಟ. "ಇನ್ನೊಂದು ಮಾತು ಐತ್ರಿ. ನಾಳೆ ಬೆಂಗಳೂರಿಗೆ..."

"ಅಪ್ಪ," ವೇದಾ ಅವನ ಮಾತನ್ನು ಕೈಯಿಂದ ತೆಗೆದುಕೊಂಡಂತೆ ತೆಗೆದುಕೊಂಡಳು. "ಬೆಂಗಳೂರಿಗೆ ಉಹೂಂ. ಇವರಿಗೆ ಹೂಂ."

ಡಾಕ್ಟರು ಗುಲಾಬಿ ಶಾಲು ಬಿಚ್ಚಿದರು, ತಾಯಿಯ ಟೋಪಿ ತೊಟ್ಟರು, ಕಿವಿಯ ಮೇಲೆ ಸರಿಮಾಡಿಕೊಂಡರು. ಅವರ ಮನೆಯ ಸಂಧ್ಯಾವಂದನೆ, ಹುಡುಗನ ಎದೆಯ ಲಿಂಗ, ಮೈಸೂರು, ಬಾಗಲಕೋಟೆ, ಎಲ್ಲವೂ ಆ ಟೋಪಿಯೊಳಗೆ ಒಂದು ಸುತ್ತು ತಿರುಗಿರಬೇಕು.

"ನಾಳೆ ಫೋನ್ ಮಾಡಿ ಬೇರೆ ಮಾತು ಹೇಳ್ತೀನಿ," ಎಂದರು ಕೊನೆಗೆ. "ಆದ್ರೆ ದಾನಪ್ಪ, ಇನ್ಮುಂದೆ ನಮ್ಮನೆ ವಸ್ತು ಯಾವುದನ್ನೂ ಎಸೀಬೇಡಿ."

"ಇಲ್ರಿ. ಜೋಪಾನ ಮಾಡ್ತೀನ್ರಿ."

"ಕಾಫಿ ತಾರೇ, ಪ್ರಭಾ."

ಕಾಫಿ ಮುಗಿಸಿ ಎಲ್ಲರಿಗೂ ಕೈಮುಗಿದು ಹೊರಟಾಗ ವೇದಾ ಮಹಡಿಗೆ ಹೋಗಿ ಬಂದಳು. ಬಾಗಿಲಾಚೆ, ಹೆಪ್ಪುಗಟ್ಟಿದ ಹುಲ್ಲಿನ ಪಕ್ಕ, ಸ್ವೆಟರಿನ ಅಡಿಯಿಂದ ಏನೋ ತೆಗೆದು ಅವನ ಕೈಗಿಟ್ಟಳು. ಸ್ಟೀಲಿನ ಡಬ್ಬಿ. ಮುಚ್ಚಳದ ಮೇಲೆ ಅವನ ತಾಯಿಯ ಹೆಸರು. ಒಳಗೆ ತುಂಬ ಎಳ್ಳು ಬೆಲ್ಲ.

"ಇದು... ಎಲ್ಲಿತ್ತ್ರಿ?"

"ನನ್ನ ಬೀರೂಲಿ. ದೀಪಾವಳಿಯಿಂದ." ಅವಳು ತಲೆ ತಗ್ಗಿಸಿಯೇ ಮುಚ್ಚಳ ಒತ್ತಿ ಭದ್ರ ಮಾಡಿದಳು. "ತಗೊಳ್ಳಿ. ಇನ್ಮೇಲೆ ನೆಪ ಬೇಕಾಗಲ್ಲ."