ಬರುವಾಗ ಮೂರು ಜನ

ಕೋಕಿಲಾ ರಾಘವನನ್ನು ಮೊದಲ ಸಲ ಕಂಡಾಗ ಅವನಿಗೆ ಬೈದಿದ್ದಳು.

ಜಪಾನಿನ ಎಡೋಗಾವಾದ ಇಂಡಿಯನ್ ಸ್ಕೂಲೊಂದರ ಕಿಂಡರ್‌ಗಾರ್ಟನ್‌ನಲ್ಲಿ ಅವಳು ಟೀಚರ್. ಅಂದು ಮಕ್ಕಳೆಲ್ಲ ಹೋದ ಮೇಲೂ ಒಂಬತ್ತು ವರ್ಷದ ಹುಡುಗಿಯೊಬ್ಬಳು ಬ್ಯಾಗನ್ನು ಎದೆಗೆ ಅವುಚಿಕೊಂಡು ಗೇಟಿನ ಬಳಿ ನಿಂತಿದ್ದಳು. ಕೋಕಿಲಾ ತನ್ನ ಪುಟ್ಟ ಮಗಳು ನಮ್ರತಾಳ ಕೈ ಹಿಡಿದುಕೊಂಡು ಅವಳ ಪಕ್ಕದಲ್ಲೇ ಕಾದಳು. ಕೊನೆಗೆ ಸ್ಟೇಷನ್ ಕಡೆಯಿಂದ ಒಬ್ಬ ಟೈ ಹಾರಿಸಿಕೊಂಡು ಓಡಿಬಂದ. ಮಗು ಕೊರಿಯರ್ ಪಾರ್ಸೆಲ್ ಅಲ್ಲ, ಪುರುಸೊತ್ತಾದಾಗ ಬಂದು ಎತ್ತಿಕೊಂಡು ಹೋಗುವುದಕ್ಕೆ ಎಂದು ಅವಳು ಇಂಗ್ಲಿಷಿನಲ್ಲಿ ಗದರಿದಳು. ಅವನು ಸೊಂಟದವರೆಗೆ ಬಗ್ಗಿ, ಸುಮಿಮಾಸೆನ್ ಎಂದು ಜಪಾನಿಯಲ್ಲಿ ಕ್ಷಮೆ ಕೇಳಿದ. ಏಳುತ್ತಾ, ತನಗಷ್ಟೇ ಅರ್ಥವಾಗುತ್ತದೆಂದುಕೊಂಡು ಗೊಣಗಿದ.

"ಬೆಳಗ್ಗಿಂದ ಎಲ್ಲರ ಹತ್ರ ಬೈಸ್ಕೊಂಡಿದ್ದಾಯ್ತು. ಇವರೊಬ್ಬರು ಬಾಕಿ ಇದ್ರು."

"ಕನ್ನಡದಲ್ಲೂ ಬೈಯಕ್ಕೆ ಬರತ್ತೆ ನಂಗೆ" ಎಂದಳು ಕೋಕಿಲಾ.

ಅವನ ಕಿವಿಗಳು ಮೊದಲು ಕೆಂಪಾದವು, ಆಮೇಲೆ ನಗು ಬಂತು. ತಡೆಯಲು ನೋಡಿ, ಆಗದೆ, ಮುಖ ಪಕ್ಕಕ್ಕೆ ತಿರುಗಿಸಿಕೊಂಡು ನಕ್ಕ. ಆ ನಗು ಅವಳ ಜೊತೆ ಮನೆಯವರೆಗೂ ಬಂತು.

ರಾಘವ ಓಟೆಮಾಚಿಯ ವಿಮಾ ಕಂಪನಿಯೊಂದರಲ್ಲಿ ಎಂಜಿನಿಯರ್. ಹೆಂಡತಿ ಅಪರ್ಣಾ ಇದೇ ಊರಿನಲ್ಲಿ ಕಾಯಿಲೆ ಬಿದ್ದು, ಇಲ್ಲೇ ತೀರಿಕೊಂಡಿದ್ದಳು. ಗೇಟಿನ ಬಳಿ ನಿಂತಿದ್ದ ಚಿನ್ಮಯಿ ಅವರ ಒಬ್ಬಳೇ ಮಗಳು. ಕೋಕಿಲಾಳ ಕಥೆ ಇನ್ನೂ ಚಿಕ್ಕದು. ಗಂಡನಿಗೆ ಅವಳು ಬೇಡವಾದಳು. ಕಾಗದಪತ್ರ ಮುಗಿಸಿ ಅವನು ಬೇರೆ ದೇಶಕ್ಕೆ ಹೋದ. ಅವಳು ಮಗಳನ್ನು ಕಟ್ಟಿಕೊಂಡು ಇಲ್ಲೇ ಉಳಿದಳು.

ಮರುವಾರದಿಂದ ಶಾಲೆ ಬಿಟ್ಟ ಮೇಲೆ ಚಿನ್ಮಯಿ ಕೋಕಿಲಾಳ ಮನೆಗೇ ಬರತೊಡಗಿದಳು. ಮಾತು ಕಡಿಮೆಯ ಹುಡುಗಿ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲೋ ಜಪಾನಿಯಲ್ಲೋ ಉತ್ತರ. ಆದರೆ ನಮ್ರತಾಳ ಜಡೆ ಹೆಣೆಯುವುದನ್ನು ತಾನಾಗಿಯೇ ಕಲಿತಳು. ಒಂದು ಸಂಜೆ ಹೋಂವರ್ಕ್ ಮಾಡುತ್ತಲೇ ಕೋಕಿಲಾಳ ತೋಳಿಗೆ ತಲೆಯೊರಗಿಸಿ ನಿದ್ದೆ ಹೋದಳು. ರಾಘವ ಬಂದು ಬೆಲ್ ಒತ್ತಿದಾಗ ಬಾಗಿಲು ತೆರೆಯಲು ಕೋಕಿಲಾಳಿಗೆ ಏಳುವ ಮನಸ್ಸಾಗಲಿಲ್ಲ.

ಮೈಸೂರಿನ ಮಾತು ತೆಗೆದವನು ರಾಘವನೇ. ಡಿಸೆಂಬರ್ ರಜೆಗೆ ನಾಲ್ಕೂ ಜನ ಹೋಗಿ, ಮಕ್ಕಳಿಗೆ ಅರಮನೆ, ಮೃಗಾಲಯ ತೋರಿಸಿ, ಓಡಾಟವಿಲ್ಲದೆ ಹತ್ತು ದಿನ ಇದ್ದು ಬರೋಣ ಅಂದ. ಅಪರ್ಣಾಳ ತಂದೆ ತಾಯಿ ಇದ್ದದ್ದೂ ಅಲ್ಲೇ, ಸರಸ್ವತಿಪುರಂನಲ್ಲಿ. ಅದು ನೆನಪಾಗಿ ಕೋಕಿಲಾ ಹಿಂಜರಿದಳು. ಇಲ್ಲಿ ಜೊತೆಗೆ ತಿರುಗಿದರೆ ಯಾರೂ ಕೇಳುವುದಿಲ್ಲ. ಅಲ್ಲಿ ನೋಡುವವರು ಇರುತ್ತಾರೆ ಎಂದಳು.

"ನೋಡ್ಲಿ ಬಿಡಿ" ಎಂದ ರಾಘವ.

ಎಷ್ಟೋ ವರ್ಷಗಳಿಂದ ಅವಳನ್ನು ನಾಲ್ಕು ಜನರ ಎದುರು ಕರೆದುಕೊಂಡು ಹೋಗಲು ಯಾರೂ ಬಯಸಿರಲಿಲ್ಲ. ಆ ಎರಡು ಪದಗಳನ್ನು ಅವಳು ಆ ರಾತ್ರಿ ಪಾತ್ರೆ ತೊಳೆಯುವಾಗಲೂ ಮನಸ್ಸಿನಲ್ಲಿ ಹೇಳಿಕೊಂಡಳು.

ಅಂದಿನಿಂದ ಪ್ರತಿ ಭಾನುವಾರ ಮಧ್ಯಾಹ್ನ ನಿಶಿಕಸಾಯಿ ಸ್ಟೇಷನ್ ಹತ್ತಿರದ ಫ್ಯಾಮಿಲಿ ರೆಸ್ಟೋರೆಂಟಿನಲ್ಲಿ ಪ್ಲಾನಿಂಗ್ ಶುರುವಾಯಿತು. ಮಕ್ಕಳು ಮೆಲನ್ ಸೋಡಕ್ಕೆ ಆರೆಂಜ್ ಜ್ಯೂಸ್ ಬೆರೆಸಿ ಹೊಸ ಬಣ್ಣ ಕಂಡುಹಿಡಿಯುತ್ತಿದ್ದರು. ಇವರಿಬ್ಬರ ಮಧ್ಯೆ ಅವನ ಟ್ಯಾಬ್ಲೆಟ್ ಇರುತ್ತಿತ್ತು. ಓಡಾಟ ಬೇಡ ಅಂದವನೇ ಮೊದಲ ದಿನ ಬುಲೆಟ್ ಟ್ರೇನಿನ ವೇಳಾಪಟ್ಟಿಯಂಥದ್ದನ್ನು ಮಾಡಿಕೊಂಡು ಬಂದಿದ್ದ. ಬೆಳಗ್ಗೆ ಅರಮನೆ, ಆಮೇಲೆ ಚರ್ಚು, ಆಮೇಲೆ ಬೆಟ್ಟ, ಮಧ್ಯಾಹ್ನ ರೈಲ್ವೆ ಮ್ಯೂಸಿಯಂ, ಸಂಜೆಗೆ ಕಾರಂಜಿ ಕೆರೆ.

"ಇದೇನು ಟೂರೋ, ಪೆರೇಡೋ?" ಎಂದು ಅವಳು ಒಂದೊಂದಾಗಿ ಅಳಿಸಿದಳು. ದಿನಕ್ಕೆ ಒಂದೇ ಜಾಗ. ಬೆಟ್ಟದ ಮೆಟ್ಟಿಲು ಹತ್ತಿಸುವುದು ಬೇಡ, ನಂದಿಯವರೆಗೆ ಕಾರಿನಲ್ಲಿ ಹೋದರೆ ಸಾಕು. ಒಂದು ಬೆಳಗ್ಗೆ ದೇವರಾಜ ಮಾರ್ಕೆಟ್ಟಿನಲ್ಲಿ ಮಲ್ಲಿಗೆ ರಾಶಿಯ ನಡುವೆ ಸುಮ್ಮನೆ ಓಡಾಡುವುದು. ಒಂದು ಸಂಜೆ ಟಾಂಗಾ. ಮಧ್ಯಾಹ್ನ ಊಟವಾದ ಮೇಲೆ ಎಲ್ಲರಿಗೂ ನಿದ್ದೆ.

"ಮಕ್ಕಳು ಮಲಗಿದಾಗ ನಾವೇನ್ ಮಾಡೋದು?" ಅವನು ಟ್ಯಾಬ್ಲೆಟ್ಟಿನಿಂದ ಕಣ್ಣೆತ್ತದೆ ಕೇಳಿದ.

"ಮಾತಾಡೋದು."

"ಈಗ್ಲೂ ಅದೇ ತಾನೇ ಮಾಡ್ತಿರೋದು?"

"ಅಲ್ಲಿ ಜೋರಾಗಿ ಮಾತಾಡ್ಬಹುದು. ಇಲ್ಲಿ ಪಕ್ಕದ ಟೇಬಲ್ಲವರು ತಿರುಗಿ ನೋಡ್ತಾರೆ."

ಅವನು ಆಗ ಕಣ್ಣೆತ್ತಿದ. ನೋಟ ಅವಳ ಹಣೆಗೆ ಜಾರಿದ್ದ ಕೂದಲಲ್ಲಿ ಸ್ವಲ್ಪ ಹೊತ್ತು ನಿಂತು, ಕೆನ್ನೆಗೆ ಇಳಿದು, ಅಲ್ಲಿಂದ ಬೇಕೆಂದೇ ಚಹಾದ ಕಪ್ಪಿಗೆ ಹೋಯಿತು. ಕೋಕಿಲಾ ಸಕ್ಕರೆ ಹಾಕದ ಚಹಾವನ್ನು ಸುಮ್ಮನೆ ಕಲಕಿದಳು. ಯಾವ ಭಾನುವಾರವೆಂದು ಇಬ್ಬರಿಗೂ ನೆನಪಿಲ್ಲ, 'ನೀವು' ಹೋಗಿ 'ನೀನು' ಬಂದಿತ್ತು.

ಪ್ಲಾನಿನ ಬಗ್ಗೆ ಹೆಚ್ಚು ಕೇಳುತ್ತಿದ್ದವಳು ಚಿನ್ಮಯಿ. ಅರಮನೆಗೆ ದೀಪ ಹಾಕುವುದು ಎಲ್ಲ ಭಾನುವಾರವೂ ಹೌದಾ, ಮಾರ್ಚಿನಲ್ಲೂ ಹಾಕುತ್ತಾರಾ, ಅಲ್ಲಿ ರಾತ್ರಿಯಿಡೀ ತೆರೆದಿರುವ ಕೊಂಬಿನಿ ಅಂಗಡಿ ಇದೆಯಾ, ಅಜ್ಜಿ ಮನೆಯ ರಸ್ತೆಯಲ್ಲಿ ನಾಯಿಗಳು ಕಚ್ಚುತ್ತವಾ. ಹುಡುಗಿ ಅಪ್ಪನ ಹಾಗೆ ಎಲ್ಲ ವಿಚಾರಿಸಿಕೊಳ್ಳುವವಳು ಎಂದು ಕೋಕಿಲಾ ಪ್ರೀತಿಯಿಂದ ಉತ್ತರ ಹೇಳಿದಳು. ಒನಿಗಿರಿ ಅನ್ನದುಂಡೆ ಸಿಗದಿದ್ದರೂ ಚುರುಮುರಿ ಸಿಗುತ್ತದೆ ಎಂದಾಗ ಚಿನ್ಮಯಿ ನಗದೆ ತಲೆಯಾಡಿಸಿದಳು.

ನವೆಂಬರಿನ ಕೊನೆಯ ಭಾನುವಾರ ಬಿಸಿಲು ಚೆನ್ನಾಗಿತ್ತು. ರೆಸ್ಟೋರೆಂಟ್ ಬೇಡವೆಂದು ಕಸಾಯಿಯ ಕಡಲಂಚಿನ ಪಾರ್ಕಿಗೆ ಹೋದರು. ಮಕ್ಕಳು ಮರಳಿನಲ್ಲಿ ಚಿಪ್ಪು ಹೆಕ್ಕುತ್ತಿದ್ದರು. ಇವರು ಬೆಂಚಿನ ಮೇಲೆ ಕೂತರು. ರಾಘವ ಪುಟ್ಟ ಕಿತ್ತಳೆ ಸುಲಿದು, ಪ್ರತಿ ತೊಳೆಯ ಬಿಳಿ ನಾರನ್ನೂ ತಾಳ್ಮೆಯಿಂದ ಬಿಡಿಸಿ ಅವಳ ಅಂಗೈಯಲ್ಲಿ ಇಟ್ಟ. ಬೆರಳು ತಾಗಿತು. ಅವನು ಕೈ ತೆಗೆಯಲಿಲ್ಲ.

"ಕೋಕಿಲಾ, ನಾವು ಮದುವೆ ಆಗೋಣ" ಎಂದ.

ಅವಳು ಕಡಲನ್ನೇ ನೋಡುತ್ತಿದ್ದಳು. ಹೂಂ ಅನ್ನಲು ಬಾಯಿ ತೆರೆದರೆ ಅಳು ಬಂದೀತೆಂದು ಅವನ ಬೆರಳನ್ನು ಗಟ್ಟಿಯಾಗಿ ಹಿಡಿದಳು. ಅವನಿಗೆ ಉತ್ತರ ಸಿಕ್ಕಿತು. ಮುಖ ಅರಳಿತು. ಗೆಳೆಯನಿಗೆ ಉಡುಗೊರೆ ಬಿಚ್ಚಿ ತೋರಿಸುವವನ ಸಡಗರದಲ್ಲಿ ಹೇಳಿದ.

"ಎಲ್ಲ ವ್ಯವಸ್ಥೆ ಮಾಡಿದೀನಿ. ಹೋಗ್ತಾ ನಾಲ್ಕು ಜನ, ಬರುವಾಗ ಮೂರು ಜನ."

ಅವನು ಲೆಕ್ಕ ತಪ್ಪಿದನೆಂದೇ ಅವಳು ಮೊದಲು ಅಂದುಕೊಂಡಳು. ತಪ್ಪಿರಲಿಲ್ಲ. ಚಿನ್ಮಯಿಯ ಅಜ್ಜ ರಮಾಕಾಂತರು ಮನೆಯ ಹತ್ತಿರದ ಶಾಲೆಯಲ್ಲಿ ಸೀಟು ಮಾತಾಡಿದ್ದರಂತೆ. ಅಜ್ಜಿ ಕಮಲಮ್ಮ ಮಹಡಿಯ ಕೋಣೆಗೆ ಬಣ್ಣ ಹೊಡೆಸಿದ್ದರಂತೆ. ಹುಡುಗಿ ಕನ್ನಡ ಕಲಿಯುತ್ತಾಳೆ, ಅಜ್ಜಿಯ ಕೈಯಡುಗೆ ಸಿಗುತ್ತದೆ, ವರ್ಷಕ್ಕೊಮ್ಮೆ ಹೋಗಿ ನೋಡಿಕೊಂಡು ಬರಬಹುದು ಎಂದು ರಾಘವ ವಿವರಿಸುತ್ತಾ ಹೋದ. ಈ ಟ್ರಿಪ್ ನಿಧಾನಕ್ಕಿರಬೇಕು ಅಂದದ್ದೂ ಅದಕ್ಕೇ, ಅವಳು ಆ ಊರಿಗೆ ಮೆಲ್ಲಗೆ ಒಗ್ಗಿಕೊಳ್ಳಲಿ ಅಂತ.

ಕಿತ್ತಳೆ ತೊಳೆ ಅವಳ ಅಂಗೈಯಲ್ಲಿ ಹಾಗೇ ಇತ್ತು.

"ಚಿನ್ಮಯಿನ ಕೇಳಿದ್ಯಾ?"

"ಮಕ್ಕಳನ್ನ ಕೇಳಿ ಮಾಡೋದಾ ಇದೆಲ್ಲ? ಅಲ್ಲಿಗೆ ಹೋದ್ಮೇಲೆ ಅಜ್ಜಿನೇ ಹೇಳ್ತಾರೆ."

"ಯಾಕೆ ರಾಘವ?"

ಅವನು ಆಶ್ಚರ್ಯದಿಂದ ಅವಳನ್ನು ನೋಡಿದ. "ನಿನಗೋಸ್ಕರ. ಬೆಳೆದಿರೋ ಹುಡುಗಿಗೆ ತಾಯಾಗು ಅಂತ ನಿನ್ನನ್ನ ಹೇಗೆ ಕೇಳಲಿ? ನಮ್ಮದು ಹೊಸದಾಗಿ ಶುರುವಾಗ್ಲಿ ಅಂತ." ದನಿ ತಗ್ಗಿಸಿದ. "ಅವಳ ಮುಖ ನೋಡಿದ್ರೆ ಅಪರ್ಣಾನೇ ಕೂತಂಗಿರತ್ತೆ. ನಾನು ನಿನ್ನ ಜೊತೆ ನಗಬೇಕಾದ್ರೆಲ್ಲ ಆ ಮುಖ ನನ್ನ ನೋಡ್ತಿರತ್ತೆ. ನನ್ ಕೈಲಿ ಆಗ್ತಿಲ್ಲ."

ಅವನ ಕಣ್ಣು ತುಂಬಿತ್ತು. ಅವನು ಸುಳ್ಳು ಹೇಳುತ್ತಿರಲಿಲ್ಲ, ಕೆಟ್ಟವನೂ ಆಗಿರಲಿಲ್ಲ. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. ಬೇಡವಾದವಳನ್ನು ಹಿಂದೆ ಬಿಟ್ಟು ಹೊಸದಾಗಿ ಶುರು ಮಾಡುವುದು ಹೇಗಿರುತ್ತದೆಂದು ಅವಳಿಗೆ ಗೊತ್ತಿತ್ತು. ಅವಳು ಹಾಗೆ ಹಿಂದೆ ಉಳಿದವರ ಕಡೆಯಲ್ಲಿ ಬದುಕಿದವಳು.

ಮಾರ್ಚಿನಲ್ಲೂ ದೀಪ ಹಾಕುತ್ತಾರಾ ಎಂದು ಕೇಳಿದ ಹುಡುಗಿಯ ಮುಖ ಅವಳ ಕಣ್ಣೆದುರು ಬಂತು. ಅಪ್ಪ ಅಜ್ಜಿಯ ಜೊತೆ ಫೋನಿನಲ್ಲಿ ಆಡಿದ ಕನ್ನಡವೆಲ್ಲ ಆ ಮೌನದ ಹುಡುಗಿಗೆ ಅರ್ಥವಾಗಿತ್ತು. ಅವಳು ಟ್ರಿಪ್ಪಿನ ವಿಚಾರ ಕೇಳುತ್ತಿರಲಿಲ್ಲ, ತಾನು ಬದುಕಬೇಕಾದ ಊರಿನ ವಿಚಾರ ಕೇಳುತ್ತಿದ್ದಳು.

"ಅವಳನ್ನ ಬಿಟ್ಟು ಬರೋದಾದ್ರೆ ನಾನು ಬರಲ್ಲ" ಎಂದಳು ಕೋಕಿಲಾ. "ಎಲ್ಲಿಗೂ ಬರಲ್ಲ."

ರಾಘವ ಗಾಬರಿಯಾದ. ಸರಿ, ಬಿಡೋದು ಬೇಡ, ವಾಪಸ್ ಕರೆದುಕೊಂಡು ಬರೋಣ, ಇವತ್ತೇ ಅತ್ತೆಗೆ ಫೋನ್ ಮಾಡುತ್ತೇನೆ ಎಂದ. ಎಷ್ಟು ಬೇಗ ಒಪ್ಪಿದ ಎಂದರೆ, ಟಿಕೆಟ್ಟಿನಲ್ಲಿ ಕಿಟಕಿ ಸೀಟು ಬದಲಾಯಿಸಿದಷ್ಟು ಸಲೀಸಾಗಿ. ಅವಳು ಒಂದು ಮಾತು ಹೇಳಿದರೆ ಮಗಳು ಉಳಿಯುತ್ತಾಳೆ, ಇನ್ನೊಂದು ಮಾತು ಹೇಳಿದರೆ ಹೋಗುತ್ತಾಳೆ. ಬಿಸಿಲಿನಲ್ಲೇ ಕೋಕಿಲಾಳಿಗೆ ಚಳಿಯಾಯಿತು.

ಮಕ್ಕಳು ಚಿಪ್ಪು ತುಂಬಿಕೊಂಡು ಬಂದದ್ದು ಆಗಲೇ. ನಮ್ರತಾ ಅಮ್ಮನ ಮಡಿಲಿಗೆ ಎಲ್ಲವನ್ನೂ ಸುರಿದು ಮತ್ತೆ ಮರಳಿಗೆ ಓಡಿದಳು. ಚಿನ್ಮಯಿ ನಿಂತೇ ಇದ್ದಳು. ದೂರದಿಂದಲೇ ಇಬ್ಬರ ಮುಖ ನೋಡಿ ಅವಳು ಏನೋ ಊಹಿಸಿದ್ದಳು.

"ಆಂಟಿ" ಎಂದಳು. "ಮೈಸೂರಲ್ಲಿ ನನ್ನ ಬಿಡೋದು. ವಾಸ್ ಇಟ್ ಯುವರ್ ಐಡಿಯಾ?"

ಕೋಕಿಲಾ ರಾಘವನ ಕಡೆ ನೋಡಿದಳು. ಅವನು ಉತ್ತರಿಸಲೆಂದು ಕಾದಳು. ಅವನ ತುಟಿ ಅಲುಗಿತು. ಆಮೇಲೆ ಅವನು ಬಗ್ಗಿ ಬೂಟಿನ ಲೇಸು ಕಟ್ಟತೊಡಗಿದ. ಲೇಸು ಬಿಚ್ಚಿರಲಿಲ್ಲ.

ಹುಡುಗಿಗೆ ತಾಯಿ ಇಲ್ಲ. ಇರುವುದು ಈ ಮನುಷ್ಯನೊಬ್ಬನೇ. ಅವನೇ ತನ್ನನ್ನು ಬಿಡಲು ಹೊರಟಿದ್ದನೆಂದು ತಿಳಿದರೆ, ಮನೆಯಲ್ಲಿ ಅವನ ಜೊತೆ ಪ್ರತಿದಿನ ಹೇಗೆ ಊಟಕ್ಕೆ ಕೂರುತ್ತಾಳೆ?

"ಹೌದು" ಎಂದಳು ಕೋಕಿಲಾ. "ನಾನೇ ಹೇಳಿದ್ದೆ. ನಿಮ್ಮಪ್ಪ ಒಪ್ಪಲಿಲ್ಲ. ನಿನ್ನ ಬಿಟ್ಟು ಇರಲ್ಲ ಅಂದ್ರು."

ಚಿನ್ಮಯಿ ಅಳಲಿಲ್ಲ. ಅಪ್ಪನ ಹತ್ತಿರ ಹೋಗಿ, ಅವನ ಕೋಟಿನ ತೋಳನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಟ್ರೇನಿನಲ್ಲಿ ಮನೆ ತಲುಪುವವರೆಗೂ ಬಿಡಲಿಲ್ಲ.

ಮೂರು ದಿನ ಬಿಟ್ಟು ರಾಘವ ಒಬ್ಬನೇ ಬಂದ. ಬಾಗಿಲಲ್ಲೇ ನಿಂತು, ಯಾಕೆ ಹಾಗಂದೆ, ಈಗ ಅವಳು ನಿನ್ನ ಹೆಸರೆತ್ತಿದರೆ ಎದ್ದು ಹೋಗುತ್ತಾಳೆ, ನಾವು ಹೇಗೆ ಮದುವೆ ಆಗೋದು ಎಂದ. ಎರಡು ದಿನ ನಿದ್ದೆಯಿಲ್ಲದ ಮುಖ. ಆ ಮುಖವನ್ನು ಕೈಯಲ್ಲಿ ಹಿಡಿದುಕೊಳ್ಳಬೇಕೆಂದು ಅವಳಿಗೆ ಆಸೆಯಾಯಿತು. ಅವನ ಮೇಲಿನ ಪ್ರೀತಿ ಎಲ್ಲಿಗೂ ಹೋಗಿರಲಿಲ್ಲ. ಹೋಗಿದ್ದರೆ ಸುಲಭವಾಗುತ್ತಿತ್ತು.

"ಹಾಗಾದ್ರೆ ನಿಜ ಏನು ಅಂತ ನೀನೇ ಹೇಳು" ಎಂದಳು. "ಹೇಳಿ, ಕ್ಷಮೆ ಕೇಳು. ಆಮೇಲೆ ಅವಳ ಕೈ ಹಿಡ್ಕೊಂಡು ಬಾ. ನಾನು ಇಲ್ಲೇ ಇರ್ತೀನಿ."

ಪಕ್ಕದ ಮನೆಯವರು ತರಕಾರಿ ಚೀಲ ಹಿಡಿದು ಬಂದು, ತಲೆ ಬಾಗಿಸಿ ದಾಟಿ ಹೋದರು.

"ಈಗ ಅವಳು ರಾತ್ರಿ ನನ್ನ ಪಕ್ಕ ಬಂದು ಮಲಗ್ತಾಳೆ" ಎಂದ ಕೊನೆಗೆ. "ಅಪರ್ಣಾ ಹೋದ್ಮೇಲೆ ಇದೇ ಮೊದಲು."

ನಿಜ ಹೇಳಿಸಬೇಡ ಎಂಬ ಬೇಡಿಕೆ ಅದೆಂದು ಅವಳಿಗೆ ಅರ್ಥವಾಯಿತು. ಮಗಳ ಆ ಸಲಿಗೆಯನ್ನು ಕಳೆದುಕೊಳ್ಳಲು ಅವನಿಗೆ ಧೈರ್ಯವಿರಲಿಲ್ಲ. ಕಳೆದುಕೋ ಎನ್ನಲು ಅವಳಿಗೂ ಬಾಯಿ ಬರಲಿಲ್ಲ.

"ಹೋಗು ರಾಘವ" ಎಂದಳು. ಅವನು ಹೋದ. ಲಿಫ್ಟಿನ ಬಾಗಿಲು ಮುಚ್ಚುವಾಗ ತಿರುಗಿ ನೋಡಿದ. ಅರೆ ಮುಚ್ಚಿದ ಬಾಗಿಲ ಸಂದಿಯಿಂದ ಅವಳು ನೋಡಿದ್ದನ್ನು ಅವನು ನೋಡಲಿಲ್ಲ.

ಅಪ್ಪ ಮಗಳು ಇಬ್ಬರೇ ಮೈಸೂರಿಗೆ ಹೋಗಿ ಬಂದರೆಂದು ಶಾಲೆಯಲ್ಲಿ ಯಾರೋ ಹೇಳಿದರು. ದಿನಕ್ಕೊಂದೇ ಜಾಗ ನೋಡಿದರಂತೆ. ಮಧ್ಯಾಹ್ನ ಇಬ್ಬರೂ ಮಲಗುತ್ತಿದ್ದರಂತೆ.

ಜನವರಿಯ ಒಂದು ಸಂಜೆ, ಸ್ಟೇಷನ್ನಿನ ಪ್ಲಾಟ್‌ಫಾರಂನಲ್ಲಿ ಅವರು ಎದುರಾದರು. ಚಿನ್ಮಯಿ ಸ್ವಲ್ಪ ದಪ್ಪಗಾಗಿದ್ದಳು, ಕೆನ್ನೆ ತುಂಬಿತ್ತು. ಕೋಕಿಲಾಳನ್ನು ಕಂಡು, ಗುರುತಿಲ್ಲದ ಹಿರಿಯರಿಗೆ ಬಾಗುವಂತೆ ಅಚ್ಚುಕಟ್ಟಾಗಿ ಬಾಗಿದಳು. ರಾಘವ ಏನೋ ಹೇಳಲು ಬಾಯಿ ತೆರೆದ. ಮಗಳು ಕೈ ಎಳೆದಳು. ಅವನು ಎಳೆದತ್ತ ಹೋದ.

ನಮ್ರತಾ ಅವರು ಹೋದ ದಿಕ್ಕನ್ನೇ ನೋಡುತ್ತಾ ಅಮ್ಮನ ಬೆರಳು ಹಿಡಿದಳು. ಅಕ್ಕ ಈಗ ತನ್ನ ಜೊತೆ ಆಡುವುದಿಲ್ಲ, ಮಮ್ಮಿಗೆ ಅಕ್ಕ ಬೇಡವಂತೆ, ಮೈಸೂರಿನಲ್ಲಿ ಬಿಟ್ಟು ಬರಲು ಹೇಳಿದ್ದಳಂತೆ, ಅಕ್ಕನೇ ಹೇಳಿದಳು, ನಿಜವಾ ಎಂದು ಕೇಳಿದಳು.

ಇವಳಿಗೆ ನಿಜ ಹೇಳಿದರೆ ನಾಳೆಯ ಬ್ರೇಕಿನೊಳಗೆ ಅದು ಚಿನ್ಮಯಿಯ ಕಿವಿ ಮುಟ್ಟುತ್ತದೆ. ಕೋಕಿಲಾ ಹಳಿಗಳ ಕಡೆ ನೋಡಿದಳು.

"ನಿಜ, ಪುಟ್ಟಿ" ಎಂದಳು.

ನಮ್ರತಾ ಯೋಚಿಸಿದಳು. ಟ್ರೇನು ಬಂದು ನಿಂತಿತು, ಬಾಗಿಲು ತೆರೆಯಿತು, ಜನ ಇಳಿದರು. ಪುಟ್ಟ ಬೆರಳುಗಳು ಅಮ್ಮನ ಕೈಯಲ್ಲಿ ಸಡಿಲವಾದವು.

"ಮಮ್ಮಿ, ನನ್ನನ್ನೂ ಬಿಟ್ಬಿಡ್ತೀಯಾ?"

ಕೋಕಿಲಾ ಅಲ್ಲೇ, ಜನರ ಕಾಲುಗಳ ನಡುವೆ, ಮಂಡಿಯೂರಿ ಕೂತಳು. ಇಲ್ಲ ಎಂದಳು. ಮಗಳು ನಂಬಿದಂತೆ ಕಾಣಲಿಲ್ಲ. ಇನ್ನೊಂದು ಸಲ ಹೇಳಿದಳು. ಟ್ರೇನಿನ ಬಾಗಿಲು ಮುಚ್ಚಿತು. ಅವಳು ಮತ್ತೆ ಹೇಳುತ್ತಲೇ ಇದ್ದಳು.